ಗಾಳದ ಮಗು

ಒಂದು ಲೋಟ ಜಾಮು ಕಷಾಯಕ್ಕೆ ಮೂರು ಸಾವಿರ ರುಪಿಯಾ. ಹೊಟ್ಟೆ ನೀವಿಸಿಕೊಳ್ಳಲು ಐವತ್ತು ಸಾವಿರ, ಮೇಲೆ ಒಂದು ಕಿಲೋ ಸಕ್ಕರೆ, ಒಂದು ಪೊಟ್ಟಣ ಚಹಾಪುಡಿ. ಪಟ್ಟಣದ ಡಾಕ್ಟರ ಬಳಿ ಎರಡು ಸಲ ಹೋಗಿ ಬಂದದ್ದಕ್ಕೆ ಗಿಯಾರ್ತೊ ಒಂದು ತಿಂಗಳು ತಳ್ಳುಗಾಡಿಯಲ್ಲಿ ಕೋಳಿ ನೂಡಲ್ಸು ಮಾರಿ ಗಳಿಸಿದ್ದೆಲ್ಲ ಕರಗಿತು. ಆ ಡಾಕ್ಟರು ಗಂಡಹೆಂಡಿರಿಬ್ಬರನ್ನೂ ಪರೀಕ್ಷಿಸಿ, ದೋಷವೇನೂ ಕಾಣಿಸುತ್ತಿಲ್ಲ, ಕಾಯಿರಿ ಎಂದು ಹೇಳಿ ಕಳಿಸಿದರು. ಕಾಯುವುದಕ್ಕೆ ಮಾತ್ರ ಯಾರೂ ದುಡ್ಡು ಕೇಳಲಿಲ್ಲ. ಆದರೆ ಗಿಯಾರ್ತೊನ ಹೆಂಡತಿ ವಿನಾರ್ಸಿಗೆ ಎಲ್ಲಕ್ಕಿಂತ ದುಬಾರಿ ಬಿದ್ದದ್ದು ಅದೇ.

ಮದುವೆಯಾಗಿ ಆರು ವರ್ಷವಾಗಿತ್ತು. ಸೋಲೋ ಪಟ್ಟಣದ ದಕ್ಷಿಣಕ್ಕಿದ್ದ ಅವರ ಹಳ್ಳಿಯಲ್ಲಿ ಎದುರಾದವರೆಲ್ಲ ಕೇಳುವ ಪ್ರಶ್ನೆ ಒಂದೇ: "ತುಂಬಿತಾ?" ಬಾವಿಯ ಬಗ್ಗೆಯೋ ಕೊಡದ ಬಗ್ಗೆಯೋ ಕೇಳುವಂತೆ ಕೇಳುತ್ತಿದ್ದರು. ವಿನಾರ್ಸಿ ಅಂಗಳದ ತುಂಬ ಬಿದಿರ ತಟ್ಟೆಗಳಲ್ಲಿ ಅಕ್ಕಿಹಪ್ಪಳ ಒಣಗಿಸುವವಳು. ತಲೆ ಬಗ್ಗಿಸಿ ಹಪ್ಪಳ ಮಗುಚುತ್ತಾ, "ಇನ್ನೂ ಇಲ್ಲ, ಪ್ರಾರ್ಥನೆ ಮಾಡಿ" ಎನ್ನುತ್ತಿದ್ದಳು. ಹೀಗೆ ಉತ್ತರ ಹೇಳುವಾಗ ನಗುವುದನ್ನೂ ಅಭ್ಯಾಸ ಮಾಡಿಕೊಂಡಿದ್ದಳು.

ಜಾಮು ಮಾರುವ ತುಮಿರಾ ಮಾತ್ರ ಆ ಪ್ರಶ್ನೆ ಕೇಳುತ್ತಿರಲಿಲ್ಲ. ಊರಿಗೆಲ್ಲ ಅವಳು ಬುಡೆ, ಅಂದರೆ ದೊಡ್ಡಮ್ಮ. ಬೇರು, ಗೆಡ್ಡೆ, ಎಲೆಗಳನ್ನು ನಸುಕಿನಲ್ಲೇ ಅರೆದು, ಸೋಸಿ, ಬಾಟಲಿಗಳಿಗೆ ತುಂಬಿ, ಬುಟ್ಟಿಯನ್ನು ಶಾಲಿನಿಂದ ಬೆನ್ನಿಗೆ ಕಟ್ಟಿಕೊಂಡು ಬಿಸಿಲೇರುವ ಮೊದಲು ಮನೆಮನೆಗೆ ಬರುತ್ತಿದ್ದಳು. ಮುಟ್ಟಿನ ನೋವಿಗೆ ಅರಿಶಿನ ಹುಣಸೆ, ಮೈಕೈ ನೋವಿಗೆ ಅಕ್ಕಿ ಕಚ್ಚೂರ, ಗರ್ಭಕೋಶಕ್ಕೆ ವೀಳ್ಯದೆಲೆ ಹಾಕಿದ್ದು, ಯಾವುದಕ್ಕೂ ಬಗ್ಗದ ಮೈಗೆ ನೆಲಬೇವಿನ ಕಹಿ. ಹೊಟ್ಟೆ ನೀವುವುದರಲ್ಲೂ ಅವಳದೇ ಕೈ. ವಿನಾರ್ಸಿ ಆರು ವರ್ಷದಲ್ಲಿ ಕುಡಿದ ಜಾಮುವಿನಲ್ಲಿ ಒಂದು ಎಮ್ಮೆಗೆ ಸ್ನಾನ ಮಾಡಿಸಬಹುದಿತ್ತು.

ಒಂದು ದಿನ ತುಮಿರಾ ಬುಟ್ಟಿ ಇಳಿಸಿದವಳೇ ವಿನಾರ್ಸಿಯನ್ನು ಬಿಟ್ಟು, ಗಾಡಿ ತೊಳೆಯುತ್ತಿದ್ದ ಅವಳ ಗಂಡನನ್ನು, ಅಣ್ಣ ಎಂಬ ಅರ್ಥದ ಮಾಸ್ ಸೇರಿಸಿ, ಕೂಗಿದಳು.

"ಮಾಸ್ ಗಿಯಾರ್ತೊ, ಬಾರಪ್ಪ ಇಲ್ಲಿ. ಕೂತ್ಕೋ."

"ನಾನ್ಯಾಕೆ ಬುಡೆ? ಕುಡಿಯೋಳು ಅವಳಲ್ವಾ?"

"ಗದ್ದೆಗೆ ಗೊಬ್ಬರ ಹಾಕಿದ್ದೇ ಹಾಕಿದ್ದು. ಬೀಜದ ಮೂಟೆ ಬಿಚ್ಚಿ ನೋಡಿದೋರು ಯಾರು?"

"ಡಾಕ್ಟ್ರು ನೋಡಿದಾರೆ. ಚೆನ್ನಾಗಿದೆ ಅಂದ್ರು."

"ಚೆನ್ನಾಗಿರೋ ಬೀಜಾನೂ ಒಲೆ ಮೇಲೆ ಕಟ್ಟಿಟ್ರೆ ಹುರಿದೋಗುತ್ತೆ ಕಣಪ್ಪ. ಬೆಳಗಿಂದ ಸಾಯಂಕಾಲದವರೆಗೆ ಆ ಕುದಿಯೋ ಸಾರಿನ ಮುಂದೆ ನಿಂತಿರ್ತೀಯ. ಬಿಗಿ ಪ್ಯಾಂಟು ಬೇರೆ. ಬಾಯಲ್ಲಿ ಲವಂಗದ ಸಿಗರೇಟು ಆರಿದ್ದೇ ನಾನು ಕಂಡಿಲ್ಲ. ಮನೆಗೆ ಬಂದ ಮೇಲಾದ್ರೂ ಲುಂಗಿ ಉಟ್ಕೋ. ಸಿಗರೇಟು ಬಿಡು. ದಿನಾ ಹಸಿ ಹೆಸರುಮೊಳಕೆ ತಿನ್ನು."

"ಎಷ್ಟು ತಿನ್ನಲಿ?"

"ನಾಚಿಕೆ ಆಗೋಷ್ಟು."

ಅವಳ ಬೈಗುಳ ವಿನಾರ್ಸಿಯನ್ನೂ ಬಿಡಲಿಲ್ಲ. "ನೀನೋ, ಕೋಳಿಗಿಂತ ಮುಂಚೆ ಎದ್ದು ಹಪ್ಪಳ ಕರೀತೀಯ, ಅದರ ಚೂರನ್ನೇ ಊಟ ಅಂತೀಯ. ನಿದ್ದೆ ಇಲ್ಲದ ಮೈಗೆ ನನ್ನ ಕಷಾಯ ಹಾಕೋದು ತೂತು ಮಡಕೆಗೆ ನೀರು ಹಾಕಿದ ಹಾಗೆ. ಮಧ್ಯಾಹ್ನ ಒಂದು ಗಳಿಗೆ ಮಲಗು. ಮೀನು ತಿನ್ನು, ಸೊಪ್ಪು ತಿನ್ನು."

ಗಿಯಾರ್ತೊ ಕೇಳಿದ. ಸಿಗರೇಟು ಬಿಟ್ಟ ಮೊದಲ ವಾರ ಮನೆಯ ಬೆಕ್ಕಿನ ಜೊತೆಗೂ ಜಗಳವಾಡಿದ. ನೂಡಲ್ಸಿನ ಮೇಲೆ ಉದುರಿಸಬೇಕಾದ ಮೊಳಕೆಕಾಳನ್ನು ಗಾಡಿಯ ಹಿಂದೆ ನಿಂತು ತಾನೇ ಮುಕ್ಕಿದ. ಬಟ್ಟೆಗಿರಣಿಯ ಕೆಲಸಗಾರರು ಬಟ್ಟಲು ಕೆದಕಿ ಕೇಳಿದರು:

"ಏನಿದು ಮಾಸ್, ಮೊಳಕೆ ಎಲ್ಲಿ?"

"ಬಿತ್ತನೆಗೆ ಇಟ್ಟಿದ್ದೀನಿ," ಎಂದ ಅವನು. ಅರ್ಥವಾದವರು ನಕ್ಕರು, ಆಗದವರು ಎರಡು ಚಮಚ ಖಾರ ಹೆಚ್ಚು ಹಾಕಿಕೊಂಡರು.

ವಿನಾರ್ಸಿಯ ಕೆನ್ನೆ ತುಂಬಿತು, ಕಣ್ಣ ಕೆಳಗಿನ ಕಪ್ಪು ಹೋಯಿತು. ಹೊಟ್ಟೆ ಮಾತ್ರ ತುಂಬಲಿಲ್ಲ. ಮತ್ತೆ ಮುಟ್ಟಾದ ಒಂದು ಬೆಳಿಗ್ಗೆ ಅವಳು ಹಪ್ಪಳದ ತಟ್ಟೆಯ ಪಕ್ಕದಲ್ಲೇ ಕುಕ್ಕರಿಸಿ ಅತ್ತಳು. ತುಮಿರಾ ಅವಳ ಬೆನ್ನು ಸವರುತ್ತಾ ಹೇಳಿದಳು:

"ನನ್ನ ಬಾಟಲಿಗಳು ಮುಗಿದವು ಮಗಳೇ. ಇನ್ನು ಉಳಿದಿರೋದು ಗಾಳ."

ಮಕ್ಕಳಾಗದವರು ನೆಂಟರ ಮನೆಯಿಂದ ಒಂದು ಮಗುವನ್ನು ತಂದು ಸಾಕಿದರೆ, ಆ ಮಗುವಿನ ನಗು, ಅಳು ಕೇಳಿ ಹುಟ್ಟಬೇಕಾದ ಮಗು ತಾನಾಗಿ ಬರುತ್ತದೆ ಎಂಬುದು ಆ ಕಡೆಯ ನಂಬಿಕೆ. ಅಂಥ ಮಗುವೇ ಗಾಳದ ಮಗು. ಗಿಯಾರ್ತೊನ ಅಕ್ಕ ಯಾತ್ಮಿ ನದಿಯಾಚೆಯ ಊರಿನಲ್ಲಿದ್ದಳು. ಅವಳಿಗೆ ನಾಲ್ಕು ಹೆಣ್ಣುಮಕ್ಕಳು. ಕೊನೆಯವಳು ಸೆಕಾರ್, ನಾಲ್ಕು ತುಂಬಿದವಳು. ತಮ್ಮನ ಮುಖ ನೋಡಿ ಯಾತ್ಮಿ ಒಪ್ಪಿದಳು. ಆದರೆ ಅವಳದು ಅಂಗಡಿ ನಡೆಸುವ ಬುದ್ಧಿ, ಮಾತು ಖಡಾಖಡಿ.

"ದತ್ತು ಅಲ್ಲ, ಸಾಲ. ಮೀನು ಕಚ್ಚಿದ ದಿನ ನನ್ನ ಮಗು ನನಗೆ ವಾಪಸ್ಸು."

"ಆಯ್ತು ಅಕ್ಕ," ಎಂದಳು ವಿನಾರ್ಸಿ. ಆಗ ಅದು ಬಹಳ ಸಲೀಸಾದ ಮಾತಾಗಿತ್ತು.

ತುಮಿರಾ ತನ್ನದೊಂದು ಷರತ್ತು ಸೇರಿಸಿದಳು. "ಗಾಳ ಅಂತ ತಿಳ್ಕೊಂಡು ಸಾಕಿದ್ರೆ ಮೀನು ವಾಸನೆ ಹಿಡಿದುಬಿಡುತ್ತೆ, ಹತ್ರ ಬರಲ್ಲ. ಹೊಟ್ಟೇಲಿ ಹುಟ್ಟಿದೋಳು ಅಂತಾನೇ ಸಾಕಬೇಕು."

ಸೆಕಾರ್ ಬಂದ ಮೇಲೆ ಆ ಷರತ್ತು ಪಾಲಿಸಲು ಯಾರೂ ಕಷ್ಟಪಡಬೇಕಾಗಲಿಲ್ಲ. ಬಂದ ಮೊದಲ ದಿನವೇ ಅವಳು ಒಣಗಲಿಟ್ಟ ಹಪ್ಪಳಗಳ ಮೇಲೆ ಬರಿಗಾಲಲ್ಲಿ ನಡೆದು, ಪ್ರತಿಯೊಂದರಲ್ಲೂ ತನ್ನ ಹೆಜ್ಜೆ ಒತ್ತಿದಳು. ಅವನ್ನು ಕರಿದಾಗ ಪುಟ್ಟ ಪಾದಗಳೇ ಉಬ್ಬಿ ಬಂದವು. ಗಿಯಾರ್ತೊ ಅವನ್ನು ಮಾರದೆ ತಾನೇ ತಿಂದ. ನಿದ್ದೆ ಬರಬೇಕಾದರೆ ಅವಳಿಗೆ ವಿನಾರ್ಸಿಯ ಕಿವಿಯ ಹಾಲೆ ಬೇಕು. ಹಿಡಿದುಕೊಂಡು ಉಜ್ಜುತ್ತಾ ಉಜ್ಜುತ್ತಾ ಕಣ್ಣು ಮುಚ್ಚುತ್ತಿದ್ದಳು. ಆ ಕಡೆ ಸೋದರಮಾವನ ಹೆಂಡತಿಯೂ ಚಿಕ್ಕಮ್ಮನೇ; ಆ ಅರ್ಥದಲ್ಲಿ ವಿನಾರ್ಸಿಯನ್ನು ಬುಲಿಕ್ ಎನ್ನುತ್ತಿದ್ದಳು. "ಬುಲಿಕ್, ಬಾತುಕೋಳಿಗೆ ಮೊಣಕಾಲಿದೆಯಾ? ಬುಲಿಕ್, ನಿನ್ನ ಕಣ್ಣಲ್ಲಿ ನಾನು ಯಾಕೆ ಇಷ್ಟು ಚಿಕ್ಕೋಳು?" ಬಾಯಿಗೆ ಬಿಡುವೇ ಇರಲಿಲ್ಲ. ಯಾರೋ ಬೀದಿಯಲ್ಲಿ "ತುಂಬಿತಾ?" ಎಂದು ಕೇಳಿದಾಗ ವಿನಾರ್ಸಿ, ಯಾವುದು ಎಂಬಂತೆ ನೋಡಿದಳು. ಮನೆಯಂತೂ ತುಂಬಿಹೋಗಿತ್ತು. ಮುಟ್ಟಿನ ಲೆಕ್ಕ ಇಡುವುದನ್ನೂ ಅವಳು ಮರೆತಿದ್ದಳು.

ಮುಂದಿನ ವರ್ಷದ ಭತ್ತದ ಕೊಯ್ಲಿನ ಹೊತ್ತಿಗೆ, ತುಮಿರಾ ಎಂದಿನಂತೆ ಅರಿಶಿನದ ಬಾಟಲಿಯ ಬಿರಡೆ ತೆಗೆದಳು. ವಿನಾರ್ಸಿ ಮುಖ ಪಕ್ಕಕ್ಕೆ ತಿರುಗಿಸಿದಳು. ತುಮಿರಾ ಬಿರಡೆ ಮತ್ತೆ ಒತ್ತಿದಳು.

"ಯಾವಾಗಿಂದ?"

"ಏನು ಯಾವಾಗಿಂದ?"

"ನನ್ನ ಹತ್ರ ಆಟ ಬೇಡ. ಹಬ್ಬ ಆದ್ಮೇಲೆ ಮುಟ್ಟಾಗಿದೀಯಾ?"

ವಿನಾರ್ಸಿ ಬೆರಳು ಮಡಿಚಿದಳು, ಬಿಚ್ಚಿದಳು. ಅವಳ ಮುಖದ ಮೇಲೆ ಬಿಸಿಲು ಬಂದ ಹಾಗಾಯಿತು. ಮರುಗಳಿಗೆಯೇ ಅಂಗಳದ ಮೂಲೆಯಲ್ಲಿ ಬಾತುಕೋಳಿಗೆ ಪಾಠ ಹೇಳುತ್ತಿದ್ದ ಸೆಕಾರ್ ಕಡೆ ಕಣ್ಣು ಹೋಯಿತು. ಬಿಸಿಲು ಹೋಯಿತು.

"ಬುಡೆ, ಯಾರಿಗೂ ಹೇಳ್ಬೇಡಿ. ನಿಮ್ಮ ಕಾಲಿಗೆ ಬೀಳ್ತೀನಿ."

"ನಿನಗೇನು ಹುಚ್ಚಾ? ಆರು ವರ್ಷ ಬರಲಿಲ್ಲ ಅಂತ ಅತ್ತೆ. ಈಗ ಬಂದಿದೆ, ಬಚ್ಚಿಡ್ತೀನಿ ಅಂತೀಯ!"

"ಗೊತ್ತಾದ್ರೆ ಅಕ್ಕ ಇವಳನ್ನ ಕರ್ಕೊಂಡು ಹೋಗ್ತಾರೆ."

"ಬಸಿರು ಬಚ್ಚಿಡಬಹುದು. ಹೆರಿಗೆನ ಎಲ್ಲಿ ಬಚ್ಚಿಡ್ತೀಯ, ಭತ್ತದ ಕಣಜದಲ್ಲಾ?"

"ಆದಷ್ಟು ದಿನ."

ತುಮಿರಾ ನಿಟ್ಟುಸಿರು ಬಿಟ್ಟಳು. "ಹೊಟ್ಟೇಲಿ ಹುಟ್ಟಿದೋಳು ಅಂತ ಸಾಕು ಅಂದೋಳು ನಾನೇ. ಹೂಂ. ಆದರೆ ಕೇಳು, ಇವತ್ತಿಂದ ನನ್ನ ಕಷಾಯ ಒಂದು ತೊಟ್ಟೂ ನಿನಗಿಲ್ಲ. ಅರಿಶಿನ, ವೀಳ್ಯ, ನೆಲಬೇವು ಎಲ್ಲ ಈಗ ನಿನಗೆ ವೈರಿ. ಹೊಟ್ಟೆ ನೀವೋದೂ ಇಲ್ಲ. ನಾಳೆನೇ ಸಂತೆ ನೆಪ ಹೇಳಿ ಆರೋಗ್ಯಕೇಂದ್ರದ ನರ್ಸಮ್ಮನ ಹತ್ರ ಹೋಗು. ಒಳಗೇನಿದೆ ಅಂತ ನನ್ನ ಬಾಟಲಿಗೆ ಕಾಣಲ್ಲ, ಅವಳ ಮೆಷೀನಿಗೆ ಕಾಣುತ್ತೆ."

"ಕುಡಿಯೋದು ನಿಲ್ಲಿಸಿದ್ರೆ ಪಕ್ಕದ ಮನೆಯೋರಿಗೆ ಅನುಮಾನ ಬರಲ್ವಾ?"

ಅದಕ್ಕೂ ದಾರಿಯಾಯಿತು. ಮರುದಿನದಿಂದ ತುಮಿರಾ ಬೇರೊಂದು ಬಾಟಲಿಯಿಂದ ಬರೀ ಬೆಲ್ಲದ ನೀರು ಸುರಿದು ಕೊಟ್ಟಳು. ವಿನಾರ್ಸಿ ಬೇಲಿಯಾಚೆಯ ಕಣ್ಣುಗಳಿಗೆ ಕಾಣುವಂತೆ ಮುಖ ಕಿವುಚಿ ಕುಡಿದಳು. ತುಮಿರಾ ಕೈ ಚಾಚಿದಳು.

"ಬೆಲ್ಲದ ನೀರಿಗೂ ಮೂರು ಸಾವಿರನಾ ಬುಡೆ?"

"ಬೆಲ್ಲ ಬಿಟ್ಟಿ. ಮೂರು ಸಾವಿರ ನಾನು ಬಾಯಿ ಮುಚ್ಕೊಂಡಿರೋದಕ್ಕೆ."

ನರ್ಸಮ್ಮ ಎಲ್ಲ ಸರಿಯಿದೆ ಎಂದಳು, ಮಾತ್ರೆ ಕೊಟ್ಟಳು. ವಿನಾರ್ಸಿ ಮಾತ್ರೆಗಳನ್ನು ಅಕ್ಕಿಡಬ್ಬಿಯಲ್ಲಿ ಹೂತಿಟ್ಟಳು. ಗಂಡನಿಗೂ ಹೇಳಲಿಲ್ಲ, ಅವನ ಹೊಟ್ಟೆಯಲ್ಲಿ ನೂಡಲ್ಸು ನಿಂತೀತು, ಮಾತು ನಿಲ್ಲದು. ಬೆಳಗಿನ ಸಂಕಟ ಅವಳಿಗೆ ಅಷ್ಟಾಗಿ ಇರಲಿಲ್ಲ. ಸಡಿಲ ಅಂಗಿ ಹಾಕಿಕೊಂಡಳು. ತಾನು ಎಲ್ಲ ದಾರಿಯನ್ನೂ ಮುಚ್ಚಿದ್ದೇನೆ ಎಂದುಕೊಂಡಳು.

ಒಂದು ದಾರಿ ತೆರೆದೇ ಇತ್ತು, ಅದು ಅವಳ ಗಂಡ. ಆ ಸೀಮೆಯಲ್ಲಿ ಹೆಂಡತಿ ಬಸಿರಾದರೆ ಕೆಲವು ಗಂಡಸರಿಗೆ ಬಯಕೆ ಬರುತ್ತದೆ. ಗಿಯಾರ್ತೊ ಒಂದು ಬೆಳಿಗ್ಗೆ ತನ್ನದೇ ಕೋಳಿಸಾರಿನ ಮುಚ್ಚಳ ತೆಗೆದವನು ಬಾಯಿ ಮುಚ್ಚಿಕೊಂಡು ಬಾವಿಕಟ್ಟೆಗೆ ಓಡಿದ. ಮರುದಿನವೂ ಓಡಿದ. ಅಜೀರ್ಣವೆಂದು ಶುಂಠಿ ಕುಡಿದ. ಆಮೇಲೆ ಅವನಿಗೆ ಎಳೆ ಮಾವಿನಕಾಯಿಯದೇ ಧ್ಯಾನ ಹತ್ತಿತು. ಉಪ್ಪು, ಮೆಣಸಿನಕಾಯಿ ಕುಟ್ಟಿಕೊಂಡು, ನೆರೆಯವರ ಮರದಿಂದ ಕಿತ್ತು ತಂದು, ಹಲ್ಲು ಜುಮ್ಮೆನ್ನುವ ತನಕ ತಿಂದ.

ವಿನಾರ್ಸಿ ಕಾಯಿ ಬಚ್ಚಿಟ್ಟಳು. ಅವನು ಅಷ್ಟೇ ಹುಳಿಯ ಕಮರಕದ ಕಾಯಿ ಹುಡುಕಿ ತಂದ.

ಹೀಗೆ ಅವನು ಜಗಲಿಯ ಮೇಲೆ ಲುಂಗಿ ಉಟ್ಟು ಕೂತು, ತೊಡೆಯ ಮೇಲೆ ಮಾವಿನಕಾಯಿ ಹೆಚ್ಚಿಟ್ಟುಕೊಂಡು ಕಣ್ಣು ಮುಚ್ಚಿ ಚಪ್ಪರಿಸುತ್ತಿದ್ದಾಗಲೇ ಯಾತ್ಮಿಯ ಸ್ಕೂಟರು ಅಂಗಳಕ್ಕೆ ಬಂತು. ಮಗಳನ್ನು ನೋಡಲು ಹದಿನೈದು ದಿನಕ್ಕೊಮ್ಮೆ ಅವಳು ಬರುತ್ತಿದ್ದಳು. ಇಳಿದವಳು ಹೆಲ್ಮೆಟ್ ತೆಗೆಯದೆ ತಮ್ಮನನ್ನೇ ದಿಟ್ಟಿಸಿದಳು.

"ಲೋ, ಏನೋ ತಿಂತಿದೀಯ?"

"ಮಾವಿನಕಾಯಿ ಅಕ್ಕ. ತಗೋ."

"ವಾಂತಿ ಆಗ್ತಿದೆಯಾ?"

"ನಿನಗೆ ಹೆಂಗೆ ಗೊತ್ತಾಯ್ತು?"

"ನಮ್ಮಪ್ಪ ನಾವು ಐದೂ ಜನ ಹುಟ್ಟೋವಾಗ ಇದೇ ಕಂಬಕ್ಕೆ ಒರಗಿ ಇದನ್ನೇ ತಿಂದಿದ್ದು ಕಣೋ. ಅಮ್ಮ ಹೇಳಿ ಹೇಳಿ ನಗೋಳು. ವಿನಾರ್ಸಿ! ಬಾ ಹೊರಗೆ!"

ವಿನಾರ್ಸಿ ಬಾಗಿಲಿಗೆ ಬಂದು ನಿಂತಳು. ಸೆಕಾರ್ ಅವಳ ಸೆರಗಿನಂತೆ ಹಿಂದೆ ಅಂಟಿಕೊಂಡಿದ್ದಳು. ಯಾತ್ಮಿ ಕೇಳಲಿಲ್ಲ, ನೋಡಿದಳು. ವಿನಾರ್ಸಿ ಹೇಳಲಿಲ್ಲ, ಅತ್ತಳು. ಗಿಯಾರ್ತೊನ ಕೈಯಿಂದ ಮಾವಿನ ಹೋಳು ಜಾರಿತು.

"ನನಗೂ ಹೇಳಲಿಲ್ವಲ್ಲೇ!" ಎಂದ. ಬಾಯಿ ಕಿವಿಯ ತನಕ ಹರಡಿತ್ತು, ಕಣ್ಣಲ್ಲಿ ನೀರಿತ್ತು. ನೀರು ಸಂತೋಷದ್ದೋ ಮೆಣಸಿನಕಾಯಿಯದೋ, ಅವನೂ ಹೇಳಲಾರ.

ಯಾತ್ಮಿ ತಮ್ಮನ ಹೆಂಡತಿಯನ್ನು ತಬ್ಬಿಕೊಂಡಳು. ಕಣ್ಣೊರೆಸಿದಳು. ಆಮೇಲೆ, "ಸೆಕಾರ್ ಬಟ್ಟೆ ಕಟ್ಟು" ಎಂದಳು.

"ಅಕ್ಕ, ಇನ್ನೊಂದಷ್ಟು ದಿನ..."

"ಮಾತು ಮಾತೇ. ಒಂದೂವರೆ ವರ್ಷದಿಂದ ಇವಳ ತಟ್ಟೆ ನನ್ನ ಮನೇಲಿ ಖಾಲಿ ಇದೆ. ನಿನಗೆ ಈಗ ನಿಂದೇ ಬರ್ತಿದೆ. ನಂದು ನನಗೆ ಕೊಡು."

ಅದರಲ್ಲಿ ತಪ್ಪೇನೂ ಇರಲಿಲ್ಲ. ಅಷ್ಟರಲ್ಲಿ ಬೇಲಿಯ ಆಚೆಯ ಮನೆಯಲ್ಲಿ ಜಾಮು ಸುರಿಯುತ್ತಿದ್ದ ತುಮಿರಾ, ಲೋಟವನ್ನು ಕೈಯಲ್ಲಿ ಹಿಡಿದುಕೊಂಡೇ ಅಂಗಳಕ್ಕೆ ಬಂದಳು.

"ಯಾತ್ಮಿ, ನಿಮ್ಮೂರು ನದಿ ದಡದಲ್ಲೇ ಇರೋದಲ್ವಾ? ನಿನ್ನ ಗಂಡ ಮೀನು ಹಿಡೀತಾನೆ ತಾನೇ?"

"ಹಿಡೀತಾರೆ. ಅದಕ್ಕೇನೀಗ?"

"ಮೀನು ಕಚ್ಚಿದ ತಕ್ಷಣ ಗಾಳಕ್ಕೆ ಸಿಕ್ಕಿಸಿದ ಹುಳು ಕಿತ್ಕೋತಾನಾ? ಇಲ್ಲ, ಮೀನು ಬುಟ್ಟಿಗೆ ಬಿದ್ದ ಮೇಲಾ?"

ಗಾಳವನ್ನು ನಂಬಿ ಮಗು ಕೊಟ್ಟವಳು, ಗಾಳದ ನಿಯಮವನ್ನು ಒಪ್ಪದೆ ಇರುವುದು ಹೇಗೆ? ನಡುವೆ ಏನಾದರೂ ಹೆಚ್ಚುಕಡಿಮೆಯಾದರೆ ಆ ಪಾಪ ಯಾರ ತಲೆಗೆ? ಅವಳು ಕೊನೆಗೆ ಹೆಲ್ಮೆಟ್ ತೆಗೆದು ಜಗಲಿಯ ಮೇಲೆ ಕೂತು, ತಮ್ಮನ ತಟ್ಟೆಯಿಂದ ಒಂದು ಹೋಳು ಎತ್ತಿಕೊಂಡಳು.

"ಬುಟ್ಟಿಗೆ ಬೀಳೋ ತನಕ. ಆಮೇಲೆ ಒಂದು ದಿನಾನೂ ಇಲ್ಲ."

"ನಾನು ಹುಳು ಅಲ್ಲ," ಎಂದಳು ಸೆಕಾರ್.

ಇನ್ನು ಬಚ್ಚಿಡುವುದೇನಿತ್ತು? ಊರಿನವರೆಲ್ಲ ಬಂದು ಹೊಟ್ಟೆ ನೋಡಿಹೋದರು. ಏಳನೇ ತಿಂಗಳಲ್ಲಿ ಹೂವಿನ ನೀರು ಹೊಯ್ದು, ಖಾರದ ಹಣ್ಣಿನ ಕೋಸಂಬರಿ ಹಂಚಿದರು. ಫಲ ಕೊಟ್ಟದ್ದು ಯಾವುದು ಎಂಬ ಚರ್ಚೆ ಅಂದು ಜೋರಾಗಿ ನಡೆಯಿತು. ಗಿಯಾರ್ತೊ ಮೊಳಕೆಕಾಳು ಎಂದ. ಗಿರಣಿಯವರು ಲುಂಗಿ ಎಂದರು. ಯಾತ್ಮಿ ತನ್ನ ಮಗಳು ಎಂದಳು. ತುಮಿರಾಳನ್ನು ಕೇಳಿದಾಗ ಅವಳು ಕೋಸಂಬರಿ ಅಗಿಯುತ್ತಾ, "ಯಾವ ಮದ್ದು ಹಿಡೀತೋ ಆ ದೇವರೇ ಬಲ್ಲ. ಹಣ ಮಾತ್ರ ಎಲ್ಲದಕ್ಕೂ ತಗೊಂಡಿದ್ದೀನಿ" ಎಂದಳು.

ಮಳೆಗಾಲ ಶುರುವಾಗುವಾಗ ಆರೋಗ್ಯಕೇಂದ್ರದಲ್ಲಿ ಗಂಡುಮಗು ಹುಟ್ಟಿತು. ಕೂಗು ಕೇಳಿದ ಗಿಯಾರ್ತೊ ಅಲ್ಲೇ ಹೊರಗೆ ಮಾವಿನಕಾಯಿ ಮುಟ್ಟುವುದಿಲ್ಲವೆಂದು ಆಣೆ ಇಟ್ಟ.

ಮನೆಗೆ ಬಂದ ಮರುದಿನ ಮಧ್ಯಾಹ್ನ ತುಮಿರಾ ಮಗುವನ್ನು ಎಣ್ಣೆಸ್ನಾನಕ್ಕೆಂದು ಪಕ್ಕದ ಮನೆಯ ಬಿಸಿಲಿಗೆ ಎತ್ತಿಕೊಂಡು ಹೋದಳು. ಬೇಲಿಯ ಆಚೆಗೆ, ಕೂಗಿದರೆ ಕೇಳುವಷ್ಟು ದೂರ. ವಿನಾರ್ಸಿಗೆ ಕೂರಲಾಗಲಿಲ್ಲ, ನಿಲ್ಲಲಾಗಲಿಲ್ಲ. ಬಾಗಿಲಿಗೂ ಹಾಸಿಗೆಗೂ ತಿರುಗಿದಳು. ಮಗು ಮರಳಿ ತೋಳಿಗೆ ಬಂದಾಗ ಅವಳಿಗೆ ಯಾತ್ಮಿ ಹೇಳಿದ ಖಾಲಿ ತಟ್ಟೆಯ ಮಾತು ಕೇಳಿಸಿತು.

ಆ ಸಂಜೆ ಅವಳೇ ಗಂಡನಿಗೆ ಹೇಳಿದಳು: "ಮಾಸ್, ಅಕ್ಕನಿಗೆ ಫೋನ್ ಮಾಡು. ಬಂದು ಸೆಕಾರ್‌ನ ಕರ್ಕೊಂಡು ಹೋಗಲಿ."

"ಅವಳಾಗಿ ಕೇಳೋ ತನಕ ಇರಲಿ ಬಿಡೇ."

"ಬೇಡ. ಅವರು ಕೇಳೋ ಹಾಗೆ ಮಾಡಬಾರದು."

ಯಾತ್ಮಿ ಬಂದಾಗ ಬಟ್ಟೆಯ ಗಂಟು ಸಿದ್ಧವಾಗಿತ್ತು. ಜಗಳಕ್ಕೆ ಸಿದ್ಧಳಾಗಿ ಬಂದವಳು ಗಂಟನ್ನು ಕೈಗೆತ್ತಿಕೊಂಡಳು. ಆಮೇಲೆ ಮೆಲ್ಲಗೆ, "ಶಾಲೆಗೆ ರಜೆ ಬಂದಾಗೆಲ್ಲ ಕಳಿಸ್ತೀನಿ. ಇದು ಸಾಲ ಅಲ್ಲ, ನಾನಾಗಿ ಹೇಳೋ ಮಾತು" ಎಂದಳು.

ಸೆಕಾರ್‌ಗೆ ಅಳುವ ಯೋಚನೆಯೇ ಇರಲಿಲ್ಲ. ಅಕ್ಕಂದಿರಿಗೆ ತೋರಿಸಲು ಅವಳ ಬಳಿ ಒಂದು ಬಾತುಕೋಳಿ ಮರಿ ಇತ್ತು. "ತಮ್ಮನನ್ನೂ ಗಂಟಲ್ಲಿ ಹಾಕು ಬುಲಿಕ್," ಎಂದಳು. ಅವನು ಹಾಲು ಕುಡಿಯಬೇಕಲ್ಲ ಎಂದರೆ, "ಹಾಗಾದ್ರೆ ನೀನೂ ಗಂಟಲ್ಲಿ ಬಾ," ಎಂದಳು. ಎಲ್ಲರೂ ನಕ್ಕರು. ಸ್ಕೂಟರು ತಿರುವು ದಾಟುವ ತನಕ ಅವಳು ಹಿಂದೆ ತಿರುಗಿ ಬಾತುಮರಿಯ ರೆಕ್ಕೆ ಹಿಡಿದು ಟಾಟಾ ಮಾಡಿಸುತ್ತಿದ್ದಳು.

ವಿನಾರ್ಸಿ ಆರು ವರ್ಷ ಬೇಡಿದ ಮಗ ಅವಳಿಗೆ ಸಿಕ್ಕಿದ. ಬೇಡದೆ ಬಂದ ಮಗಳು ತನ್ನ ತಾಯಿಯ ಮನೆಗೆ ಹೋದಳು. ಈಗ ರಜೆಗೆ ಮಾತ್ರ ಬರುತ್ತಾಳೆ.