ಭದ್ರಾವತಿಯವರು ಹೇಳಿದ ಪಾಠ

ವಿಷಮಶೀತ ಜ್ವರ ಬಿಟ್ಟ ಮೇಲೆ ಶೇಷಮ್ಮನ ಕಿವಿಯಿಂದ ಲೋಕದ ಸದ್ದುಗಳು ಒಂದೊಂದಾಗಿ ಎದ್ದು ಹೋದವು. ಮೊದಲು ಹೋದದ್ದು ಜೀರುಂಡೆ. ಆಮೇಲೆ ಕೊಡಕ್ಕೆ ನೀರು ತುಂಬುವ ಸದ್ದು, ಅದರ ಹಿಂದೆಯೇ ಹೊಳೆ ದಾಟಿಸುವ ಲಾಂಚಿನ ಗಡಗಡ. ಕೊನೆಗೆ ಒಂದೇ ಒಂದು ಉಳಿಯಿತು. ಕಿವಿಯೊಳಗೆ ಸದಾ ಗುಂಯ್‌ಗುಡುವ ಮೊರೆತ, ನೀರಿನಡಿಯಲ್ಲಿ ಯಾರೋ ಮಾತಾಡುತ್ತಿರುವ ಹಾಗೆ.

ಬ್ಯಾಕೋಡಿನಿಂದ ಒಂದು ಗುಡ್ಡ ಹತ್ತಿ ಇಳಿದರೆ ಅವಳ ಶಾಲೆ. ಒಂದೇ ಕೋಣೆ, ಒಬ್ಬಳೇ ಟೀಚರು. ಕಿಟಕಿಯಾಚೆ ಶರಾವತಿಯ ಹಿನ್ನೀರು, ಅದರಲ್ಲಿ ಸೊಂಟದವರೆಗೆ ಮುಳುಗಿ ನಿಂತ ಒಣಮರಗಳು. ಕಿವಿ ಹೋದ ವಿಷಯ ಸಾಗರದ ಆಫೀಸಿಗೆ ತಿಳಿದರೆ ಕೆಲಸ ಬಿಡಿಸಿ ಮನೆಗೆ ಕಳಿಸುತ್ತಾರೆ. ಮನೆಯೆಂದರೆ ತೀರ್ಥಹಳ್ಳಿಯಲ್ಲಿ ಅಣ್ಣನ ಮನೆ, ಅಲ್ಲಿ ಒಲೆಯ ಮುಂದೆ ಒಂದು ಮಣೆ. ಅಲ್ಲಿ ಅವಳನ್ನು ಯಾರೂ ‘ಅಕ್ಕೋರೇ’ ಎಂದು ಕರೆಯುವುದಿಲ್ಲ. ಕರೆದರೂ ಕೇಳಿಸುವುದಿಲ್ಲ, ಅದು ಬೇರೆ ಮಾತು.

ಅದಕ್ಕೇ ಅವಳು ಗುಟ್ಟು ಕಟ್ಟಿಕೊಂಡಳು. ಕಳ್ಳನ ಮನಸ್ಸು ಹುಳ್ಳುಹುಳ್ಳಗೆ ಅನ್ನುತ್ತಾರಲ್ಲ, ಹಾಗೆ ಸದಾ ಮಕ್ಕಳ ತುಟಿಯನ್ನೇ ನೋಡುತ್ತಿದ್ದಳು. ಶಾಲೆಗೆ ಒಂದು ಕಾನೂನೂ ಬಂತು: ಮಾತಾಡುವವರು ಎದುರಿಗೆ ಬಂದು, ಮುಖ ನೋಡಿ, ಬಾಯಿ ತುಂಬ ಮಾತಾಡಬೇಕು, ಅದೇ ಮರ್ಯಾದೆ. ಹೀಗಾಗಿ ಇಡೀ ತಾಲ್ಲೂಕಿನಲ್ಲಿ ಅಷ್ಟು ಬಿಡಿಸಿ ಬಿಡಿಸಿ ಮಾತಾಡುವ ಮಕ್ಕಳು ಬೇರೆಲ್ಲೂ ಇರಲಿಲ್ಲ.

ಎಪ್ಪತ್ತೆಂಟನೇ ಇಸವಿಯ ಬೇಸಿಗೆ ರಜೆ ಮುಗಿದು ಶಾಲೆ ತೆರೆದಾಗ ಸರ್ಕಾರ ಆ ಶಾಲೆಗೆ ಒಂದು ರೇಡಿಯೋ ಕಳಿಸಿತು. ಮಧ್ಯಾಹ್ನ ಭದ್ರಾವತಿಯಿಂದ ಶಾಲೆಯ ಪಾಠ ಬರುತ್ತದಂತೆ, ಅದನ್ನು ಮಕ್ಕಳಿಗೆ ಕೇಳಿಸಿ ಆಮೇಲೆ ವಿವರಿಸಬೇಕಂತೆ. ಕಿವುಡರ ಮುಂದೆ ಕಿನ್ನರಿ ಬಾರಿಸಬೇಡಿ ಎಂದು ಗಾದೆ ಮಾಡಿದವರಿಗೆ ಇದ್ದ ಬುದ್ಧಿ ಸರ್ಕಾರಕ್ಕೆ ಎಲ್ಲಿಂದ ಬರಬೇಕು? ಶೇಷಮ್ಮ ಆ ರಾತ್ರಿ ಊಟ ಮಾಡಲಿಲ್ಲ.

ಬೆಳಗಾಗುವಷ್ಟರಲ್ಲಿ ದಾರಿ ಹೊಳೆದಿತ್ತು. “ರೇಡಿಯೋ ಹೇಳಿದ್ದನ್ನೇ ನಾನೂ ಹೇಳಿದ್ರೆ ನಿಮಗೆ ಏನು ಬಂದಂಗಾಯ್ತು? ನೀವು ಕೇಳ್ರಿ. ಆಮೇಲೆ ಒಬ್ಬೊಬ್ಬರೇ ಬಂದು ನನಗೆ ಪಾಠ ಮಾಡ್ರಿ. ನಾನು ಹುಡುಗಿ, ನೀವು ಅಕ್ಕೋರು.”

ಮಕ್ಕಳು ಬಿದ್ದು ಬಿದ್ದು ನಕ್ಕರು. ಆದರೆ ಆಟ ಹಿಡಿಸಿತು. ನಾಲ್ಕನೇ ಕ್ಲಾಸಿನ ವರದಾ ಗುಂಡಿ ತಿರುಗಿಸುವಳು. ಮಕ್ಕಳೆಲ್ಲ ಕತ್ತು ಓರೆ ಮಾಡಿ ಕೂರುವರು. ಆ ಹೊತ್ತೆಂದರೆ ಶೇಷಮ್ಮನಿಗೆ ಪ್ರಾಣ. ಕಿವಿಯೊಳಗಿನ ಮೊರೆತವೇ ರೇಡಿಯೋದ ದನಿ ಎಂದುಕೊಂಡು ಕಣ್ಣು ಮುಚ್ಚುವಳು. ಬಿಸಿಲು ನೀರಿನ ಮೇಲೆ ಬಿದ್ದು ಮಾಡಿನ ಹೆಂಚಿಗೆ ಹಾರಿ, ಅಲ್ಲಿ ಸಣ್ಣಗೆ ಅಲುಗುವುದು. ತಾನೂ ಮಕ್ಕಳೂ ಒಂದೇ ಮಾತನ್ನು ಕೇಳುತ್ತಾ ಒಂದೇ ದೋಣಿಯಲ್ಲಿ ತೇಲುತ್ತಿದ್ದೇವೆ ಅನ್ನಿಸುವುದು. ಜ್ವರದ ನಂತರ ಅವಳು ಸುಖವಾಗಿದ್ದದ್ದು ಆ ಹೊತ್ತಿನಲ್ಲಿ ಮಾತ್ರ.

ಬರಬರುತ್ತಾ ಪಾಠಗಳು ಏನು ಚಂದ ಆದವು! ಮಾಸ್ತಪ್ಪ ಓಡಿಸುವ ಲಾಂಚಿನ ಇಂಜಿನ್ನಿಗೆ ಉಸಿರು ಎಲ್ಲಿಂದ ಬರುತ್ತದೆ ಎಂದು ಮೂರನೇ ಕ್ಲಾಸಿನ ಭೂತಪ್ಪ ಬೋರ್ಡಿನ ಮೇಲೆ ಬರೆದು ತೋರಿಸಿದ. ವರದಾ ನೀರಿನಡಿಗೆ ಹೋದ ಗದ್ದೆಗಳ ಹೆಸರನ್ನೆಲ್ಲ ಹೇಳಿದಳು. ಒಬ್ಬಳು ಗೆದ್ದಲ ಹುತ್ತದ ಮಣ್ಣನ್ನೇ ಲಂಗದ ತುದಿಯಲ್ಲಿ ಕಟ್ಟಿಕೊಂಡು ಬಂದಳು.

“ಈ ಭದ್ರಾವತಿಯವರಿಗೆ ನಮ್ಮ ಲಾಂಚಿನ ವಿಷಯ ಹೆಂಗೆ ಗೊತ್ತಾಯ್ತು?” ಎಂದು ಶೇಷಮ್ಮ ಒಮ್ಮೆ ಕೇಳಿದ್ದುಂಟು.

“ಅವ್ರಿಗೆ ಎಲ್ಲಾ ಗೊತ್ತಿರ್ತೈತಿ ಅಕ್ಕೋರೇ” ಎಂದಳು ವರದಾ. ಆಕಾಶವಾಣಿ ಎಂದು ಸುಮ್ಮನೆ ಹೆಸರಿಟ್ಟಿಲ್ಲ ಎಂದು ಶೇಷಮ್ಮ ತಲೆದೂಗಿದಳು.

ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ ಇನ್‌ಸ್ಪೆಕ್ಟರು ಹೇಳದೆ ಕೇಳದೆ ಬಂದು ಬಾಗಿಲಲ್ಲಿ ನಿಂತರು. ಪುಣ್ಯಕ್ಕೆ ರೇಡಿಯೋ ಪಾಠದ ಹೊತ್ತು. ಅವರನ್ನು ಕುರ್ಚಿಯಲ್ಲಿ ಕೂರಿಸಿ, “ಹಾಕು ವರದಾ” ಎಂದಳು ಹೆಮ್ಮೆಯಿಂದ.

ವರದಾ ಏಳಲಿಲ್ಲ. ಅಕ್ಕೋರ ಮುಖ ನೋಡಿದಳು, ಸಾಹೇಬರ ಮುಖ ನೋಡಿದಳು. ಆಮೇಲೆ ನಿಧಾನಕ್ಕೆ ಎದ್ದು ಗುಂಡಿ ತಿರುಗಿಸಿದಳು. ಮಕ್ಕಳು ಎಂದಿನಂತೆ ಕತ್ತು ಓರೆ ಮಾಡಿದರು. ಶೇಷಮ್ಮ ಎಂದಿನಂತೆ ಕಣ್ಣು ಮುಚ್ಚಿದಳು.

ಕಣ್ಣು ಬಿಟ್ಟಾಗ ಇನ್‌ಸ್ಪೆಕ್ಟರು ರೇಡಿಯೋಕ್ಕೆ ಕಿವಿ ಹಚ್ಚಿದ್ದರು. ಅವರ ತುಟಿ ಅಲುಗಿತು: “ಇದು ಸತ್ತೇ ಹೋಗಿದೆಯಲ್ರೀ!”

ಅವರು ಹಿಂದಿನ ಮುಚ್ಚಳ ತೆಗೆದರು. ಸೆಲ್ ಇರಬೇಕಾದ ಜಾಗದಲ್ಲಿ ಒಂದು ಸೆಲ್ಲೂ ಇರಲಿಲ್ಲ. ಕುಂಬಾರಹುಳ ಅಚ್ಚುಕಟ್ಟಾಗಿ ಮಣ್ಣಿನ ಗೂಡು ಕಟ್ಟಿತ್ತು. ಶೇಷಮ್ಮನಿಗೆ ಕೋಣೆಯೇ ನೀರಿನೊಳಗೆ ಇಳಿದಂತಾಯಿತು. ಮುಗಿಯಿತು ಎಂದುಕೊಂಡಳು. ಅಣ್ಣನ ಮನೆಯ ಒಲೆ ಕಣ್ಣ ಮುಂದೆ ಬಂತು.

ಅಷ್ಟರಲ್ಲಿ ಭೂತಪ್ಪ ಎದ್ದು ನಿಂತಿದ್ದ. ಶೇಷಮ್ಮನ ಎದುರಿಗೇ ಬಂದು, ಬಾಯಿ ತುಂಬ ಹೇಳಿದ. “ಇವತ್ತಿನ ಪಾಠ ಕುಂಬಾರಹುಳದ್ದು ಸಾರ್. ಅದು ಗೂಡು ಕಟ್ತದೆ. ಒಳಗೆ ಮೊಟ್ಟೆ ಇಡ್ತದೆ. ಹಸಿರು ಹುಳ ಹಿಡ್ಕೊಂಡು ಬಂದು ತುಂಬ್ತದೆ, ಬಾಗಿಲು ಮುಚ್ಚಿ ಹೋಗಿಬಿಡ್ತದೆ. ಮರಿ ತನ್ನಷ್ಟಕ್ಕೆ ತಾನೇ ತಿಂದು, ಗೋಡೆ ಕೊರೆದು ಹೊರಗೆ ಬರ್ತದೆ. ಹಾರೋದನ್ನ ಅದಕ್ಕೆ ಯಾರೂ ಕಲ್ಸಲ್ಲ.”

ಇನ್‌ಸ್ಪೆಕ್ಟರು ಕೂತೇ ಬಿಟ್ಟರು. ಪ್ರಶ್ನೆ ಕೇಳಿದರು. ಒಂದಕ್ಕೆ ವರದಾ ಉತ್ತರಿಸಿದಳು, ಇನ್ನೊಂದಕ್ಕೆ ಹಿಂದಿನ ಸಾಲಿನ ಚಿಕ್ಕವಳು. ಯಾವುದಕ್ಕೋ ಉತ್ತರ ಗೊತ್ತಿಲ್ಲದಾಗ, “ನಾಳೆ ನೋಡ್ಕೊಂಡು ಬಂದು ಹೇಳ್ತೀವಿ ಸಾರ್” ಎಂದರು.

“ಯಾರು ಹೇಳಿಕೊಟ್ಟಿದ್ದು ಇದನ್ನೆಲ್ಲ?”

ಎಲ್ಲ ಬೆರಳುಗಳೂ ಶೇಷಮ್ಮನತ್ತ ತಿರುಗಿದವು.

“ಒಳ್ಳೇ ಪದ್ಧತಿ ಕಣಮ್ಮ” ಎಂದರು ಸಾಹೇಬರು. “ಸೆಲ್ಲಿನ ಖರ್ಚೂ ಇಲ್ಲ!” ಕಣ್ಣೆದುರಿಗೇ ಇದ್ದದ್ದು ಅವರಿಗೆ ಕಾಣಲಿಲ್ಲ. ಲಾಂಚು ತಪ್ಪೀತೆಂದು ಗಡಿಬಿಡಿಯಲ್ಲಿ ಗುಡ್ಡ ಹತ್ತಿದರು.

ಅವರು ಮರೆಯಾದ ಮೇಲೆ ಶೇಷಮ್ಮ ವರದಾಳನ್ನು ಎದುರಿಗೆ ನಿಲ್ಲಿಸಿಕೊಂಡಳು.

“ಯಾವಾಗಿಂದ?”

“ಗದ್ದೆ ನಟ್ಟಿ ಆಗ್ತಿತ್ತಲ್ಲ, ಆವಾಗಿಂದ. ಸೆಲ್ ಒಸರಿ ಬಿಳೀ ಆಗಿತ್ತು. ತೆಗ್ದು ಬಿಸಾಕಿದ್ವಿ.”

“ಮತ್ತೆ ನನಗೆ ಯಾಕೆ ಹೇಳ್ಲಿಲ್ಲ?” ಅವಳಿಗೆ ಸಿಟ್ಟು ಬಂದಿತ್ತು, ನಾಚಿಕೆಯೂ ಆಗಿತ್ತು.

ವರದಾ ತಲೆ ತಗ್ಗಿಸಿದಳು. ಆಮೇಲೆ ಕಾನೂನು ನೆನಪಾಗಿ ಮುಖ ಎತ್ತಿದಳು. “ಹೇಳಿದ್ವಿ ಅಕ್ಕೋರೇ. ಎಲ್ಲಾರೂ ಒಟ್ಟಿಗೆ ಕೂಗಿ ಹೇಳಿದ್ವಿ. ನೀವು ಬೋರ್ಡಿನ ಕಡೆ ತಿರುಗಿ ನಿಂತಿದ್ರಿ.”

ಶೇಷಮ್ಮ ಬೋರ್ಡಿನ ಕಡೆ ಒಮ್ಮೆ ನೋಡಿ, ಮತ್ತೆ ವರದಾಳ ತುಟಿಗೆ ಕಣ್ಣು ತಂದಳು.

“ಆಮೇಲೆ ಈ ಕಡೆ ತಿರುಗಿ, ಇವತ್ತು ಏನು ಹೇಳಿದ್ರು ಅಂತ ಕೇಳಿದ್ರಿ. ನಿಮ್ಮ ಮುಖ ಅಷ್ಟು ಖುಷಿಯಾಗಿತ್ತು. ರೇಡಿಯೋ ಇಲ್ಲ ಅನ್ನೋಕೆ ಯಾರಿಗೂ ಬಾಯಿ ಬರ್ಲಿಲ್ಲ. ಅವತ್ತು ನಾನು ನಮ್ಮಜ್ಜಿ ಹೇಳಿದ್ದನ್ನೇ ಹೇಳಿದೆ. ಆಮೇಲೆ ದಿನಾ ಯಾರಾದ್ರೂ ಒಬ್ರು ಏನಾದ್ರೂ ಕಲ್ತ್ಕೊಂಡು ಬರ್ಬೇಕು ಅಂತ ಮಾಡಿದ್ವಿ.”

ಶೇಷಮ್ಮ ಕೋಣೆಯ ತುಂಬ ಮುಖಗಳನ್ನು ನೋಡಿದಳು. ಇಷ್ಟು ದಿನ ಈ ಮಕ್ಕಳು ಸದ್ದಿಲ್ಲದ ಪೆಟ್ಟಿಗೆಯ ಮುಂದೆ ಕತ್ತು ಓರೆ ಮಾಡಿ ಕೂತಿದ್ದು ತನಗಾಗಿ. ಒಂದೇ ದೋಣಿ ಎಂದುಕೊಂಡದ್ದು ಸುಳ್ಳಾಗಿರಲಿಲ್ಲ, ಹುಟ್ಟು ಹಾಕುತ್ತಿದ್ದವರು ಮಾತ್ರ ಬೇರೆ. ಅಳು ಬಂತು. ಅವಳು ಅದನ್ನು ಮುಚ್ಚಿಡಲಿಲ್ಲ.

ಬೋರ್ಡಿನ ಕೆಳಗಿದ್ದ ಸೀಮೆಸುಣ್ಣ ತೆಗೆದು ವರದಾಳ ಕೈಗೆ ಕೊಟ್ಟಳು. ಮಕ್ಕಳ ಸಾಲಿನಲ್ಲಿ ಭೂತಪ್ಪನ ಪಕ್ಕ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು.

“ನನಗೆ ಕಿವಿ ಕೇಳ್ಸಲ್ಲ” ಎಂದಳು, ಮೊದಲ ಸಲ. “ಈ ಕಡೆ ಮುಖ ಮಾಡಿ ಹೇಳು.”