ಕೆಂಪು ದಾರದ ನಲವತ್ತೈದು ಸುತ್ತು

ರೆಕಾರ್ಡು ತಿರುಗಿಸುವ ಎರಡು ಮೆಷಿನ್ನುಗಳ ಜೋಡಿಯಲ್ಲಿ ಒಂದು ಸುಟ್ಟುಹೋಗಿತ್ತು. ಉಳಿದದ್ದನ್ನು ಡಿಜೆ ನನಗೆ ಮಾರಿದ. ಹದಿನೆಂಟು ವರ್ಷ ಊರಿನ ಹಾಲ್‌ಗಳಲ್ಲಿ ಜನರನ್ನು ಕುಣಿಸಿ ಕುಣಿಸಿ ಕೊನೆಗೆ ಅವನ ಸೊಂಟವೇ ಹಿಡಿದುಕೊಂಡಿತ್ತು. ಈಗ ಅವನದೆಲ್ಲ ಲ್ಯಾಪ್‌ಟಾಪಿನಲ್ಲೇ.

"ಅಕ್ಕಾ, ಮನೇಲಿ ಸುಮ್ನೆ ಕೂತು ಹಾಡು ಕೇಳೋಕೆ ಇದ್ಯಾಕೆ? ಸೊಳ್ಳೆ ಹೊಡೆಯೋಕೆ ಸುತ್ತಿಗೆ ತಗೊಂಡ ಹಾಗಾಯ್ತು" ಎಂದ.

"ಸುತ್ತಿಗೆ ಗಟ್ಟಿಯಾಗಿದೆ ತಾನೇ?"

"ಎತ್ತಿ ಹಾಕಿದ್ರೆ ನೆಲ ಒಡೆಯುತ್ತೆ, ಇದಕ್ಕೇನೂ ಆಗಲ್ಲ."

"ಹಾಗಾದ್ರೆ ಕಟ್ಟಿಕೊಡಪ್ಪ."

ಕಟ್ಟುತ್ತಲೇ ಪಾಠ ಹೇಳಿದ. ಅವನ ಮುಳ್ಳು ರೆಕಾರ್ಡನ್ನು ಹಿಂದೆ ಮುಂದೆ ಉಜ್ಜಿ ಸದ್ದು ಹೊರಡಿಸಲೆಂದೇ ಮಾಡಿದ್ದು, ಹಳೇ ರೆಕಾರ್ಡುಗಳನ್ನು ಕೆರೆದುಹಾಕುತ್ತದೆ. ಮೆತ್ತಗೆ ಕೂರುವ ಹೊಸ ಮುಳ್ಳು ಹಾಕಬೇಕು. ತಟ್ಟೆಯ ಮೇಲಿನ ಬಟ್ಟೆ ಇರುವುದೇ ರೆಕಾರ್ಡು ಜಾರಲಿ ಎಂದು. ಮನೆಯಲ್ಲಿ ಜಾರಬಾರದು, ರಬ್ಬರ್ ಹಾಕಬೇಕು. ಹಿಂದಿನ ತೆಳು ವೈರನ್ನು ಆಂಪ್ಲಿಫೈಯರಿಗೆ ಬಿಗಿಯದಿದ್ದರೆ ಜೇನುಗೂಡಿಗೆ ಕಲ್ಲು ಬಿದ್ದ ಹಾಗೆ ಗುಂಯ್ ಅನ್ನುತ್ತದೆ.

"ಬಲಗಡೆ ಈ ಜಾರೋ ಗುಂಡಿ ಇದೆಯಲ್ಲ, ವೇಗ ಹೆಚ್ಚುಕಮ್ಮಿ ಮಾಡೋದು, ಅದನ್ನ ಮಾತ್ರ ನೀವು ಮುಟ್ಟಲೇಬೇಡಿ. ನಡುವೆ ನಿಲ್ಲಿಸಿದ್ರೆ ವೇಗ ಸರಿ ಅಂತ ಹಸಿರು ದೀಪ ಹತ್ತುತ್ತೆ. ಅಲ್ಲೇ ಇರಲಿ. ಅದು ನಮ್ಮಂಥ ಕಳ್ಳರಿಗೆ."

ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಂದೆ. ಇಳಿಯುವಾಗ ಕಾಲು ನನ್ನದೋ ಪಕ್ಕದವರದೋ ತಿಳಿಯದಷ್ಟು ಜೋಮು ಹಿಡಿದಿತ್ತು.

ನಮ್ಮ ಮುಂದಿನ ಕೋಣೆಯೇ ಅಂಗಡಿ. ಬಾಗಿಲ ಬಲಕ್ಕೆ ನನ್ನ ಹೊಲಿಗೆ ಮೆಷಿನ್ನು. ಉದ್ದದ ಪ್ಯಾಂಟು ಗಿಡ್ಡ ಮಾಡುವುದು, ಬಿಗಿಯಾದ ಕೋಟು ಸಡಿಲ ಮಾಡುವುದು ನನ್ನ ಕಸುಬು. ಎಡಕ್ಕೆ ಅಪ್ಪನ ಮೇಜು. ಎಪ್ಪತ್ತೊಂದು ವಯಸ್ಸಾದರೂ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೈಗಡಿಯಾರ ರಿಪೇರಿ ಮಾಡುತ್ತಾರೆ.

"ಏನೇ ಇದು, ಗಿರಣಿ ಕಲ್ಲಾ?"

"ರೆಕಾರ್ಡ್ ಹಾಕೋದಪ್ಪಾ."

"ಮುಚ್ಚಳಾನೂ ಇಲ್ಲ. ಬೆತ್ತಲೆ ನಿಂತಿದೆ."

"ಬಟ್ಟೆ ಹೊಲಿಯೋದು ನನ್ನ ಕೆಲಸ ತಾನೇ? ಬಿಡಿ."

ಹೊಲಿದೆ. ಉಳಿದ ಕೋಟಿನ ಬಟ್ಟೆಯಲ್ಲಿ ದೂಳು ಕೂರದ ಹಾಗೊಂದು ಹೊದಿಕೆ. ದಪ್ಪ ರಬ್ಬರ್ ಹಾಳೆಯನ್ನು ಗುಂಡಗೆ ಕತ್ತರಿಸಿ ತಟ್ಟೆಗೆ ಹಾಕಿದೆ, ಮುಳ್ಳು ಬದಲಿಸಿದೆ, ವೈರು ಬಿಗಿದೆ. ಒಂದು ವಾರ ಕೆಲಸದ ನಡುವೆ ಮನೆಯಲ್ಲಿದ್ದ ರೆಕಾರ್ಡುಗಳನ್ನೆಲ್ಲ ಒಂದೊಂದಾಗಿ ಹಾಕಿದೆವು. ಹಾಡು ಮುಗಿದರೆ ಇದು ತಾನಾಗಿ ನಿಲ್ಲುವುದಿಲ್ಲ, ಮುಳ್ಳಿರುವ ಅದರ ಕೈಯನ್ನು ನಾವೇ ಎತ್ತಿಡಬೇಕು. ಅರ್ಧ ಹೊಲಿಗೆ ಬಿಟ್ಟು ಏಳುವ ನನ್ನನ್ನು ನೋಡಿ "ಮಗು ಸಾಕಿದ ಹಾಗಾಯ್ತು" ಎಂದು ಅಪ್ಪ ನಗುತ್ತಿದ್ದರು. ಕೇಳಿಸಿಕೊಳ್ಳದವರ ಹಾಗೆ ಗಡಿಯಾರದೊಳಗೆ ತಲೆ ತೂರಿಸಿದ್ದರೂ ಮೇಜಿನ ಕೆಳಗೆ ಅವರ ಪಾದ ತಾಳ ಹಾಕುತ್ತಿತ್ತು.

ಕೊನೆಗೆ ಉಳಿದದ್ದು ಒಂದೇ ಒಂದು, ಕಂದು ಲಕೋಟೆಯ ಪುಟ್ಟ ರೆಕಾರ್ಡು.

"ಅದು ಬೇಡ" ಎಂದರು.

ಯಾಕೆಂದು ಮನೆಗೆಲ್ಲ ಗೊತ್ತು. ಅಪ್ಪನ ಯೌವನದಲ್ಲಿ ಅವರದೊಂದು ಬ್ಯಾಂಡ್ ಇತ್ತು. ಅಪ್ಪ ಡ್ರಮ್, ಅಮ್ಮ ಮೌತ್ ಆರ್ಗನ್, ಅಪ್ಪನ ಗೆಳೆಯ ಹಾಡುಗಾರ. ಆ ಗೆಳೆಯನನ್ನು ಎಲ್ಲರೂ ಗಂಟಲು ಎಂದೇ ಕರೆಯುವುದು. ಅವರು ಮಾಡಿದ ಒಂದೇ ಒಂದು ರೆಕಾರ್ಡು ಅದು. ಹೊರಬಂದ ದಿನ ಎಲ್ಲರೂ ಕೂತು ಕೇಳಿದರೆ ಹಾಡು ಬೆನ್ನಟ್ಟಿಸಿಕೊಂಡವರ ಹಾಗೆ ಓಡುತ್ತಿತ್ತು, ಗಂಟಲಿನ ದಪ್ಪ ದನಿ ಕೀಚಲಾಗಿತ್ತು. "ಇವನು ತಾಳ ಓಡಿಸಿದ, ಹಿಂದೆ ಓಡಿ ಓಡಿ ನನ್ನ ದನಿ ಕೀರಲಾಯ್ತು" ಎಂದು ಗಂಟಲು ಘೋಷಿಸಿಬಿಟ್ಟರು. ಅಂದಿನಿಂದ ಅಪ್ಪನಿಗೆ ರೈಲು ಎಂದೇ ಹೆಸರು. ಗಡಿಯಾರ ರಿಪೇರಿಯವನಿಗೇ ಕಾಲದ ಲೆಕ್ಕ ಗೊತ್ತಿಲ್ಲ ಎಂಬ ಮಾತು ಬೇರೆ. ನಲವತ್ತಮೂರು ವರ್ಷವಾಯಿತು, ಅಪ್ಪ ಡ್ರಮ್ಮಿನ ಕಡ್ಡಿ ಮುಟ್ಟಿಲ್ಲ. ಅಮ್ಮ ಮಾತ್ರ ಸಾಯುವವರೆಗೂ ಹೇಳುತ್ತಿದ್ದಳು: "ರೆಕಾರ್ಡಲ್ಲೇ ಏನೋ ಐಬಿದೆ. ಅದು ನನ್ನ ಮೌತ್ ಆರ್ಗನ್ನಿನ ದನಿ ಅಲ್ಲ." ಗಂಡನನ್ನು ವಹಿಸಿಕೊಳ್ಳುತ್ತಾಳೆ ಎಂದು ಜನ ನಕ್ಕರು. ಅಪ್ಪನೂ ನಂಬಲಿಲ್ಲ.

ನನಗೆ ಅಮ್ಮನ ಉಸಿರು ಕೇಳಬೇಕಿತ್ತು. ಅದಕ್ಕಿಂತ ಹೆಚ್ಚಾಗಿ, ಅಪ್ಪ ಆ ಹೆಸರನ್ನು ಹೊತ್ತುಕೊಂಡೇ ಹೋಗಬಾರದು ಎಂಬ ಹಟ.

"ಭಾನುವಾರ ಮಧ್ಯಾಹ್ನ ಹಾಕ್ತೀನಿ. ಕೇಳದಿದ್ರೆ ಎದ್ದು ಆಚೆ ಹೋಗಿ" ಎಂದೆ.

ಭಾನುವಾರ ಅವರು ಆಚೆ ಹೋಗಲಿಲ್ಲ. ಬೆನ್ನು ತಿರುಗಿಸಿ ಕೂತರು. ಮುಳ್ಳು ಇಳಿಸಿದೆ. ಅಯ್ಯೋ ದೇವರೇ, ಎಂಥ ಓಟ! ಹಾಡು ಮುಗಿಯುವ ಹೊತ್ತಿಗೆ ನನಗೇ ಏದುಸಿರು ಬಂದಿತ್ತು.

"ಕೇಳಿದೆಯಲ್ಲ" ಎಂದರು ಅಪ್ಪ, ಗೋಡೆಯ ಕಡೆಗೇ ನೋಡುತ್ತ.

"ಮೆಷಿನ್ನೇ ಸರಿ ಇಲ್ಲ. ಹಳೇದು, ಜೋರಾಗಿ ತಿರುಗ್ತಿದೆ."

"ಆ ಹಸಿರು ದೀಪ ಹತ್ತಿದೆ."

"ದೀಪಕ್ಕೇನು, ಬಾಯಿ ಇದೆಯಾ? ಎಣಿಸಿ ನೋಡೋಣ."

ಎಣಿಸುವುದೆಂದರೆ ಗಡಿಯಾರದವರ ಕಿವಿ ನೆಟ್ಟಗಾಗುತ್ತದೆ. ಅಪ್ಪ ತಮ್ಮ ಅತಿ ನಂಬಿಕೆಯ ಕೈಗಡಿಯಾರ ತೆಗೆದರು. ನಾನು ರೆಕಾರ್ಡಿನ ನಡುವಿನ ಚೀಟಿಯ ಮೇಲೆ ಒಂದು ತುಂಡು ಕೆಂಪು ದಾರ ಅಂಟಿಸಿದೆ. ಪುಟ್ಟ ರೆಕಾರ್ಡು ನಿಮಿಷಕ್ಕೆ ನಲವತ್ತೈದು ಸುತ್ತು ಸುತ್ತಬೇಕು. ಅಪ್ಪ "ಈಗ" ಎಂದರು, ನಾನು ದಾರ ಎಣಿಸಿದೆ. ನಲವತ್ತೈದು. ಮತ್ತೊಮ್ಮೆ. ನಲವತ್ತೈದು. ಐದು ಸಲ ಎಣಿಸಿದೆವು. ಕೂದಲೆಳೆಯಷ್ಟೂ ಹೆಚ್ಚಿಲ್ಲ, ಕಮ್ಮಿಯಿಲ್ಲ.

"ಒಳ್ಳೇ ಮೆಷಿನ್ನು" ಎಂದರು ಅಪ್ಪ ತಣ್ಣಗೆ. "ಅದರ ತಪ್ಪಿಲ್ಲ ಕಣೇ. ನನ್ನದೇ." ಎದ್ದು ರೆಕಾರ್ಡನ್ನು ಲಕೋಟೆಗೆ ಹಾಕಲು ಕೈ ಚಾಚಿದರು.

ನಾನು ಅವರ ಕೈ ಹಿಡಿದುಕೊಂಡೆ. ಬಿಟ್ಟರೆ ಇನ್ನು ಜನ್ಮದಲ್ಲಿ ಇದು ಹೊರಬರುವುದಿಲ್ಲ. ಮೆಷಿನ್ನು ಸರಿ, ಅಪ್ಪನೂ ಸರಿ ಎಂದರೆ ಉಳಿದದ್ದು ಅಮ್ಮನ ಮಾತು. ನನ್ನ ಗುಂಡಿ ಡಬ್ಬದ ಅಡಿಯಲ್ಲಿ ಕರವಸ್ತ್ರ ಸುತ್ತಿದ ಅವಳ ಮೌತ್ ಆರ್ಗನ್ ಇತ್ತು.

"ಹಾಡಿನ ಕೊನೇಲಿ ಅಮ್ಮ ಒಬ್ಬಳೇ ಉದ್ದಕ್ಕೆ ಊದ್ತಾಳಲ್ಲ, ಅದು ಯಾವ ತೂತು?"

"ನಾಲ್ಕನೇದು. ಯಾವ ಹಾಡಾದ್ರೂ ಅವಳು ಅಲ್ಲಿಗೇ ಬಂದು ಕೂರ್ತಿದ್ದದ್ದು. ಯಾಕೆ?"

ಹಾಡಿನ ಕೊನೆಗೆ ಮುಳ್ಳು ಇಟ್ಟೆ. ಅಮ್ಮನ ದನಿ ಬಂತು. ಅದರ ಜೊತೆಗೆ ನಾನೂ ನಾಲ್ಕನೇ ತೂತು ಊದಿದೆ.

ಹಲ್ಲು ಜುಮ್ಮೆಂದಿತು. ಎರಡೂ ದನಿ ಒಂದಕ್ಕೊಂದು ಹಲ್ಲು ಮಸೆದವು. ರೆಕಾರ್ಡಿನದು ಮೇಲೆ, ನನ್ನದು ಕೆಳಗೆ. ಅಪ್ಪ ತಿರುಗಿದರು.

"ಇನ್ನೊಂದ್ಸಲ ಊದು."

ಮುಟ್ಟಲೇಬೇಡಿ ಎಂದಿದ್ದ ಗುಂಡಿಯ ಮೇಲೆ ನಾನೇ ಬೆರಳಿಟ್ಟು, ವೇಗ ಇಳಿಯಲೆಂದು ಆಚೆಗೆ ತಳ್ಳಿದೆ. ಹಸಿರು ದೀಪ ಆರಿತು. ಮುಳ್ಳು ಇಡು, ಊದು, ತಳ್ಳು. ಮತ್ತೆ ಇಡು, ಊದು, ತಳ್ಳು. ಏಳನೆಯ ಸಲಕ್ಕೋ ಎಂಟನೆಯ ಸಲಕ್ಕೋ ನನ್ನ ದನಿ ಎಲ್ಲಿ ಹೋಯಿತು ಎಂದೇ ತಿಳಿಯಲಿಲ್ಲ. ಅಮ್ಮನ ಉಸಿರಿನೊಳಗೆ ಸೇರಿಹೋಗಿತ್ತು.

"ಈಗ ಮೊದಲಿಂದ ಹಾಕು" ಎಂದರು ಅಪ್ಪ.

ಹಾಡು ನಡೆಯಿತು. ಓಡಲಿಲ್ಲ, ನಡೆಯಿತು. ಊಟ ಮುಗಿಸಿ ಗೆಳೆಯರ ಜೊತೆ ಬೀದಿ ಸುತ್ತುವವರ ಹಾಗೆ, ಎಲ್ಲೂ ಎಡವದೆ. ಅಪ್ಪ ಕೈಗಡಿಯಾರ ಕಿವಿಗಿಟ್ಟುಕೊಂಡು, ಅದರ ಟಿಕ್‌ಟಿಕ್‌ಗೆ ತಾಳ ಹೋಲಿಸುತ್ತ ಕೇಳಿದರು, ಹಾಡು ಮುಗಿದ ಮೇಲೂ ಕೆಳಗಿಳಿಸಲಿಲ್ಲ.

"ಅವತ್ತು ನಮ್ಮ ಹಾಡು ರೆಕಾರ್ಡ್ ಮಾಡ್ಕೊಂಡ ಯಂತ್ರಾನೇ ನಿಧಾನ ಓಡಿದೆ ಕಣೇ. ನಿಧಾನ ನಡೆಯೋ ಗಡಿಯಾರ ನಂಬಿ ಹೊರಟೋನು ದಾರೀಲಿ ಓಡ್ಲೇಬೇಕಲ್ಲ. ಅವಳು ಹೇಳ್ತಾನೇ ಇದ್ಲು." ಆಮೇಲೆ ಮೆಲ್ಲಗೆ, "ನಾನಾದ್ರೂ ನಂಬಬೇಕಿತ್ತು" ಎಂದರು.

ಗಂಟಲಿಗೆ ಫೋನ್ ಮಾಡಿದೆ. ಎರಡು ಬೀದಿ ಆಚೆ ಮನೆ. ಕೋಲೂರಿಕೊಂಡು ಅರ್ಧ ಗಂಟೆಯಲ್ಲಿ ಬಂದರು.

"ಏನೋ ರೈಲು, ಮಗಳ ಕೈಲಿ ಕರೆಸಿದ್ದೀಯ?"

"ಕೂತ್ಕೊಳ್ಳೋ."

ಮೌತ್ ಆರ್ಗನ್ನಿನ ಕತೆ ಹೇಳಿದೆ. ಅವರು ತಲೆಯಾಡಿಸಿದರು. "ಹಳೇ ಮೌತ್ ಆರ್ಗನ್ನು, ಶ್ರುತಿ ಇಳಿದಿರುತ್ತೆ. ಅದನ್ನ ನಂಬಿ ನಂಗೆ ಪಾಠ ಹೇಳ್ತೀಯಾ ಮಗಳೇ?"

"ಅದನ್ನ ನಂಬಬೇಡಿ ಚಿಕ್ಕಪ್ಪಾ. ನಿಮ್ಮ ಗಂಟಲನ್ನ ನಂಬಿ" ಎಂದು ಹಾಡು ಹಾಕಿದೆ.

ಮೊದಲ ಸಾಲಿಗೇ ಅವರ ಬಾಯಿ ತೆರೆದುಕೊಂಡಿತು. ನೆಲಮಾಳಿಗೆಯಿಂದ ಬಂದಂಥ ದಪ್ಪ, ತುಂಬು ದನಿ. ಅವರ ಕಣ್ಣು ತುಂಬಿ ಬಂದಿತ್ತು.

"ಇದು ನಾನು" ಎಂದರು. "ಇದು ನಾನೇ ಕಣೋ! ಇಷ್ಟು ವರ್ಷ ಎಲ್ಲಿತ್ತು ಇದು?"

"ಇದರೊಳಗೇ ಇತ್ತು. ಆ ಡ್ರಮ್ಮೂ ಇದರೊಳಗೇ ಇತ್ತು. ಅದನ್ನೂ ಸ್ವಲ್ಪ ಕೇಳಿಸ್ಕೋ" ಎಂದರು ಅಪ್ಪ.

ಗಂಟಲು ಕೇಳಿಸಿಕೊಂಡರು, ಕೊನೆಯವರೆಗೂ. ಅಮ್ಮನ ಉದ್ದ ಉಸಿರು ಮುಗಿದು ಮುಳ್ಳು ಸುಮ್ಮನೆ ಕರಕರ ಎನ್ನತೊಡಗಿತು.

"ಹಾಗಾದ್ರೆ ನಲವತ್ತಮೂರು ವರ್ಷ ನಾನು ಬೈದಿದ್ದೆಲ್ಲ ದಂಡನಾ?"

"ದಂಡ ಯಾಕಾಗುತ್ತೆ? ಒಂದೊಂದೇ ನೆನಪು ಮಾಡ್ಕೊಂಡು ನಿಂಗೇ ಬೈತೀನಿ. ಪುರುಸೊತ್ತಾಗಿದ್ದೀಯಲ್ಲ?"

"ಇದ್ದೀನಿ ಬಿಡು. ತಪ್ಪು ನಂದೇ. ಬೈಯಿ." ಕೋಲನ್ನು ಗೋಡೆಗೆ ಒರಗಿಸಿ, "ರೈಲು ಅಂತ ಕರೆಯೋದು ಮಾತ್ರ ಬಿಡಲ್ಲ, ನಾಲಿಗೆಗೆ ಅಭ್ಯಾಸ ಆಗೋಗಿದೆ" ಎಂದರು.

"ಕರಿ. ಹೊತ್ತಿಗೆ ಸರಿಯಾಗಿ ಬರೋ ರೈಲು ಅನ್ಕೋತೀನಿ."

ಅಪ್ಪ ಭೂತಗನ್ನಡಿ ಸಿಕ್ಕಿಸಿಕೊಂಡು, ಗಡಿಯಾರದ ಮುಳ್ಳಿಗೆ ಬಣ್ಣ ತಾಗಿಸುವ ಅತಿ ಸಣ್ಣ ಕುಂಚದಿಂದ, ಆ ಜಾರುವ ಗುಂಡಿ ಈಗ ನಿಂತಿದ್ದ ಜಾಗದಲ್ಲಿ ಒಂದು ಬಿಳಿ ಗೆರೆ ಎಳೆದರು. ಒಣಗಲೆಂದು ಊದಿದರು. ಆಮೇಲೆ ನನ್ನ ಮೇಜಿನಿಂದ ಎರಡು ಪೆನ್ಸಿಲ್ ಎತ್ತಿಕೊಂಡು, ಮೊಂಡಾದ ತುದಿ ಮುಂದೆ ಮಾಡಿ ಹಿಡಿದರು.

"ಮೊದಲಿಂದ ಹಾಕಮ್ಮ. ಲೋ ಗಂಟಲು, ಈ ಸಲ ಹಿಂದೆ ಬೀಳಬೇಡ."