ಕರಿಪರದೆಯ ಹಿಂದಿನ ಗಂಟಲು

ಕರಿಪರದೆಯ ಹಿಂದೆ ಕೆಮ್ಮುವಂತಿಲ್ಲ. ಸೀನು ಬಂದರೆ ಅಂಗಿಯ ತೋಳನ್ನು ಬಾಯಿಗೆ ತುರುಕಿಕೊಳ್ಳಬೇಕು. ಚಪ್ಪಲಿ ಹಾಕುವಂತಿಲ್ಲ, ಹಲಗೆಯ ನೆಲ ಕಿರುಗುಟ್ಟುತ್ತದೆ. ಅಲ್ಲಿ ಒಂದು ಗಾಲಿ ಕುರ್ಚಿ. ಕುರ್ಚಿಯಲ್ಲಿ ಒಂದು ಕಾಲು ಕತ್ತರಿಸಿಕೊಂಡ ಮುದುಕ. ಮುದುಕನ ಬಾಯಿಯ ಮುಂದೆ ಒಂದು ಮೈಕು. ಕುರ್ಚಿಯ ಹಿಡಿ ಹಿಡಿದುಕೊಂಡು ಬರಿಗಾಲಲ್ಲಿ ನಿಂತವನು ಚನ್ನಬಸಪ್ಪ.

ಪರದೆಯ ಮುಂದೆ, ಬೆಳಕಿನಲ್ಲಿ, ಹೊಳೆಯುವ ಕೋಟು ತೊಟ್ಟು ಕ್ಲೈಡ್ ಎಂಬ ಬಿಳಿಯ ಸೊಂಟ ಕುಣಿಸುತ್ತಿದ್ದ. ಕೂದಲಿಗೆ ಬಣ್ಣ, ಹಲ್ಲಿಗೆ ಬಣ್ಣ. ಅವನ ಕೈಯಲ್ಲಿದ್ದ ಮೈಕಿಗೆ ಜೀವವಿರಲಿಲ್ಲ. ಅವನು ತುಟಿ ಆಡಿಸುತ್ತಿದ್ದ, ಅಷ್ಟೇ. ಹಾಡು ಬರುತ್ತಿದ್ದದ್ದು ಹಿಂದಿನ ಮುದುಕನ ಗಂಟಲಿನಿಂದ. ಹೊರಗೆ ಬಾಗಿಲಲ್ಲಿ ದೊಡ್ಡ ಪೋಸ್ಟರು: ‘ಬ್ರಿಟನ್ನಿನ ಮೊದಲ ರಾಕ್ ಅಂಡ್ ರೋಲ್ ಹುಡುಗರಲ್ಲೊಬ್ಬ, ರೆಕ್ಸ್ ಗ್ಯಾಲಂಟ್. ಟೇಪು ಇಲ್ಲ, ಅದೇ ದನಿ!’ ಅದೇ ದನಿ ಅನ್ನುವುದು ಮಾತ್ರ ನಿಜ.

ಇದು ೨೦೦೩ನೆಯ ಇಸವಿಯ ಮಾತು. ಶುಕ್ರವಾರ ಡಾಲಸ್‌ನಲ್ಲಿ ಹೀಗೇ ನಡೆಯಿತು. ಶನಿವಾರ ಹ್ಯೂಸ್ಟನ್‌ನಲ್ಲಿ ನಡೆಯಿತು. ಉಳಿದದ್ದು ಭಾನುವಾರ ಮಧ್ಯಾಹ್ನದ ಆಸ್ಟಿನ್.

ಚನ್ನಬಸಪ್ಪ ಗದಗಿನವನು. ಖಾನಾವಳಿಯಲ್ಲಿ ಇಪ್ಪತ್ತು ವರ್ಷ ರೊಟ್ಟಿ ಬಡಿದವನು. ಡಾಲಸ್ ಪಕ್ಕದ ಲಾಸ್ ಕೊಲಿನಾಸ್‌ನಲ್ಲಿ ಹೋಟೆಲು ತೆರೆಯುತ್ತೇನೆ ಎಂದು ರಘುನಂದನ ಅವನನ್ನು ಅಡುಗೆಯವನ ವೀಸಾದಲ್ಲಿ ಕರೆತಂದ. ಎರಡು ವರ್ಷಕ್ಕೆ ಹೋಟೆಲು ಮುಚ್ಚಿತು. ವೀಸಾ ಮುಗಿಯಿತು. ಪಾಸ್‌ಪೋರ್ಟು ಮಾತ್ರ ರಘುನಂದನನ ಬೀರುವಿನಲ್ಲೇ ಉಳಿಯಿತು. “ನೀನು ನಮ್ಮ ಮನೆಯವನ ಥರ ಕಣಯ್ಯ, ಎಲ್ಲಾ ನಾನು ನೋಡ್ಕೋತೀನಿ” ಎಂದ ಆ ಮೈಸೂರಿನ ಸಾಹುಕಾರ. ಮನೆಯವನನ್ನು ಗ್ಯಾರೇಜಿನಲ್ಲಿ ಮಲಗಿಸಿದ. ಆಮೇಲೆ ಹಾಡಿನ ವ್ಯಾಪಾರಕ್ಕೆ ಇಳಿದ. ಮುದುಕನಿಗೆ ಅಡುಗೆ ಮಾಡುವುದು, ಹೊತ್ತಿಗೆ ಸರಿಯಾಗಿ ಸಕ್ಕರೆ ಕಾಯಿಲೆಯ ಸೂಜಿ ಚುಚ್ಚುವುದು, ಕುರ್ಚಿ ತಳ್ಳುವುದು ಚನ್ನಬಸಪ್ಪನ ಪಾಲಿಗೆ ಬಂತು.

ಹ್ಯೂಸ್ಟನ್‌ನಿಂದ ಆಸ್ಟಿನ್‌ಗೆ ವ್ಯಾನು ಹೊರಟಾಗ ಇನ್ನೂ ಬೆಳಗಿನ ಎಂಟು. ಡ್ರಮ್ಮು ಬಾರಿಸುವ ಹೆಕ್ಟರ್ ಡ್ರೈವ್ ಮಾಡುತ್ತಿದ್ದ. ಹಿಂದಿನ ಸೀಟಿನಲ್ಲಿ ಇವರಿಬ್ಬರು. ಪಕ್ಕದಲ್ಲಿ ಪೊಲೀಸರ ಕಾರೊಂದು ಹಾದುಹೋಯಿತು. ಚನ್ನಬಸಪ್ಪ ಸೀಟಿನಿಂದ ಕೆಳಗೆ ಜಾರಿ ಗಾಲಿ ಕುರ್ಚಿಯ ಹಿಂದೆ ಮುದುಡಿ ಕೂತ.

“ಎದ್ದೇಳಪ್ಪಾ ಚನ್ನಾ,” ಮುದುಕ ನಕ್ಕ. “ಹೋದ್ರು. ನಿನ್ನ ನೋಡಿದ್ರೆ ನಂಗೆ ನನ್ನೇ ನೋಡ್ದಂಗೆ ಆಯ್ತದೆ.”

“ನಗಬ್ಯಾಡ್ರಿ ಸಾಹೇಬ್ರ. ನ್ಯೂಯಾರ್ಕಿನ್ಯಾಗ ಆ ಕಟ್ಟಡ ಬಿದ್ದಾಗಿಂದ ನಮ್ಮಂಥಾ ಬಣ್ಣದವ್ರನ್ನ ಸುಮ್ಮನ ಬಿಡಂಗಿಲ್ಲಂತ. ಬೇಡಿ ಹಾಕಿ ವಿಮಾನ ಹತ್ತಸ್ತಾರಂತ ರಘು ಸರ ಹೇಳ್ಯಾರ.”

“ಬಣ್ಣ!” ಎಂದ ಮುದುಕ. “ಅದರ ಕತೆ ನನ್ನ ಕೇಳು.”

ಮುದುಕನ ಹುಟ್ಟುಹೆಸರು ಡೆನ್ಜಿಲ್ ರೋಚ್. ಕೋಲಾರದ ಚಿನ್ನದ ಗಣಿಯ ಆಂಗ್ಲೋ ಇಂಡಿಯನ್ ಮನೆಯವನು. ಅಪ್ಪ ಗಣಿಯೊಳಕ್ಕೆ ಆಳು ಇಳಿಸುವ ಎಂಜಿನ್ ಓಡಿಸುತ್ತಿದ್ದ. ಕನ್ನಡ ಕಲಿಸಿದ್ದು ಆಯಾ ಮುನಿಯಮ್ಮ, ಬೈಗುಳ ಮೊದಲು, ಮಿಕ್ಕದ್ದು ಆಮೇಲೆ. ಹನ್ನೆರಡನೆಯ ವಯಸ್ಸಿಗೆ ಹಡಗು ಹತ್ತಿ ಲಂಡನ್ ಸೇರಿದ. ಇಪ್ಪತ್ತೊಂದಕ್ಕೆ ಒಂದು ಕಾಫಿ ಅಂಗಡಿಯ ನೆಲಮಾಳಿಗೆಯಲ್ಲಿ ಗಿಟಾರು ಹಿಡಿದು ಹಾಡುತ್ತಿದ್ದಾಗ ರೆಕಾರ್ಡು ಕಂಪನಿಯ ಮ್ಯಾನೇಜರ್ ಒಬ್ಬ ಬಂದ. ರೆಕ್ಸ್ ಗ್ಯಾಲಂಟ್ ಅಂತ ಹೆಸರಿಟ್ಟ. ಕಾಗದಕ್ಕೆ ಸಹಿ ಹಾಕಿಸಿಕೊಂಡ. ಹಾಡು ಕಂಪನಿಯದು, ಆ ಹೆಸರೂ ಕಂಪನಿಯದು ಅಂತ ಕಾಗದದಲ್ಲಿತ್ತು. ಹುಡುಗ ಓದಲಿಲ್ಲ.

“ಮುಖಕ್ಕೆ ಪೌಡರ್ ಬಳಿದ್ರಪ್ಪಾ,” ಎಂದ ಡೆನ್ಜಿಲ್. “ಕತ್ತಿಗೆ, ಕೈಗೆ, ಕಿವಿ ಹಿಂದೆ ಕೂಡ. ಸಮುದ್ರದ ದಡದಾಗೆ ಹುಟ್ಟಿದ ಅಪ್ಪಟ ಇಂಗ್ಲಿಷ್ ಹುಡುಗ ಅಂತ ಪೇಪರ್‌ನೋರಿಗೆ ಹೇಳು ಅಂದ್ರು. ಹೇಳಿದೆ. ಹುಡುಗೀರು ಕಿರುಚೋರು, ಅಂಗಿ ಹರಿಯೋರು. ನಂಗೆ ಒಂದೇ ಭಯ, ಬೆವರಿದ್ರೆ ಪೌಡರ್ ಇಳೀತದಲ್ಲ ಅಂತ. ರಾಕ್ ಅಂಡ್ ರೋಲ್ ಹಾಡು, ಆದ್ರೆ ಬೆವರಬ್ಯಾಡ ಅಂದ್ರೆ ಹೆಂಗಪ್ಪಾ?”

“ಮತ್ತ ಸುಳ್ಳು ಯಾಕ ಹೇಳಿದ್ರಿ?”

“ಹೆದರಿದ್ದೆ ಕಣಪ್ಪಾ.” ಅವನು ಕಿಟಕಿಯ ಕಡೆ ತಿರುಗಿದ. “ನೀನೀಗ ಹೆಂಗೆ ಕುರ್ಚಿ ಹಿಂದೆ ಕೂತೆ, ಹಂಗೆ.”

ಆರು ವರ್ಷ ಮೆರೆದ. ಆಮೇಲೆ ಉದ್ದಗೂದಲಿನ ಹೊಸ ಹುಡುಗರ ಗುಂಪುಗಳು ಬಂದವು, ಕಂಪನಿ ಇವನನ್ನು ಬೀದಿಗೆ ಬಿಟ್ಟಿತು. ಹೆಸರನ್ನು ಮಾತ್ರ ಇಟ್ಟುಕೊಂಡಿತು. ಹಡಗುಗಳಲ್ಲಿ ಹಾಡಿದ, ಪಾತ್ರೆ ತೊಳೆದ, ಹ್ಯೂಸ್ಟನ್ನಿನ ಹೆಂಗಸೊಬ್ಬಳನ್ನು ಮದುವೆಯಾಗಿ ಟೆಕ್ಸಾಸಿಗೆ ಬಂದ. ಅವಳು ತೀರಿಕೊಂಡಳು. ಸಕ್ಕರೆ ಕಾಯಿಲೆ ಕಾಲು ತಿಂದಿತು. ಅಷ್ಟರಲ್ಲಿ ರಘುನಂದನ ಲಂಡನ್ನಿನ ಕಂಪನಿಯಿಂದ ಹೆಸರನ್ನು ಖರೀದಿ ಮಾಡಿದ್ದ. ಹಳೆಯ ರೆಕಾರ್ಡುಗಳು ಬೇರೆಯವರ ಸೊತ್ತು, ಹಾಕಿದರೆ ಬಾಡಿಗೆ ಕಟ್ಟಬೇಕು. ಬದುಕಿರುವ ಗಂಟಲಿಗೆ ಮೂರು ಹೊತ್ತಿನ ಕೂಳು ಸಾಕು. ಕೂಳು ಹಾಕಿ ಗಂಟಲು ತಂದ. ಮುಖ ಬೇಡ ಅಂದ. ಐವತ್ತೇಳರ ಫೋಟೋದಲ್ಲಿ ಬೆಳ್ಳಗಿರುವ ಹುಡುಗ ಈಗ ಕಂದು ಮುದುಕನಾಗಿ ಬಂದರೆ ಯಾರು ಟಿಕೆಟ್ ಕೊಳ್ಳುತ್ತಾರೆ? ನಾನೇ ಅವನು ಎಂದು ಡೆನ್ಜಿಲ್ ಕೂಗಿದರೂ ನಂಬುವವರಿರಲಿಲ್ಲ. ಸುಳ್ಳನ್ನು ಅವನ ಬಾಯಲ್ಲೇ ಹೇಳಿಸಿ ಅಚ್ಚು ಹಾಕಿಸಿದ್ದರಲ್ಲ.

ಆಸ್ಟಿನ್ನಿನ ಥಿಯೇಟರು ಹಳೆಯದು. ಆಟ ಎರಡು ಗಂಟೆಗೆ. ಹನ್ನೆರಡೂವರೆಗೆ ಸೂಜಿ, ಒಂದಕ್ಕೆ ಊಟ, ಇದು ನೇಮ. ಡಾಲಸ್‌ನಲ್ಲಿ, ಹ್ಯೂಸ್ಟನ್‌ನಲ್ಲಿ ಆಟ ಸಂಜೆ ಇದ್ದದ್ದರಿಂದ ತೊಂದರೆಯಾಗಿರಲಿಲ್ಲ. ಚನ್ನಬಸಪ್ಪ ಹಿಂದಿನ ಕೋಣೆಯಲ್ಲಿ ಸೂಜಿ ಚುಚ್ಚಿ, ಅನ್ನ ಸಾರಿನ ಡಬ್ಬಿ ಬಿಚ್ಚುವಷ್ಟರಲ್ಲಿ ರಘುನಂದನ ಒಳಗೆ ಬಂದ.

“ಏನಿದು? ಮುಚ್ಚು. ಹೊಟ್ಟೆ ತುಂಬಾ ತಿಂದ್ರೆ ತೇಗು ಬರತ್ತೆ ಮೈಕಲ್ಲಿ. ಹೊರಗೆ ಯಾರು ಬರ್ತಿದಾರೆ ಗೊತ್ತಾ? ಲೂಸಿಯಾನಾ ಕಸೀನೋದೋರು. ಒಂದು ವರ್ಷದ ಕಾಂಟ್ರಾಕ್ಟು. ಶೋ ಆದ್ಮೇಲೆ ತಿನ್ನಲಿ.”

“ಸರ, ಸೂಜಿ ಹಾಕಿ ಬಿಟ್ಟೇನ್ರಿ. ಅರ್ಧಾ ತಾಸಿನ್ಯಾಗ ತಿನ್ನಲಿಲ್ಲಂದ್ರ ಸಕ್ಕರಿ ಇಳೀತೈತಿ. ಡಾಕ್ಟರು ಬರದ್ ಕೊಟ್ಟಾರ.”

“ನೀನೇನು ಡಾಕ್ಟರಾ? ಒಂದು ಗಂಟೆ ಕಣಯ್ಯ, ಸತ್ತು ಹೋಗ್ತಾನಾ?” ಎಂದು ರಘುನಂದನ ಡಬ್ಬಿಯನ್ನು ಕೈಯಲ್ಲಿ ಹಿಡಿದುಕೊಂಡೇ ಹೋದ.

ಕಸೀನೋದವರ ಕಾರು ತಡವಾಯಿತು. ಎರಡು ಎರಡೂವರೆಯಾಯಿತು. ಎರಡೂವರೆ ಮೂರಾಯಿತು. ಚನ್ನಬಸಪ್ಪ ಕಾಫಿ ಮೇಜಿನಿಂದ ಎರಡು ಸಕ್ಕರೆ ಪೊಟ್ಟಣ ಕದ್ದು ತಂದು ಮುದುಕನ ನಾಲಿಗೆಯ ಮೇಲೆ ಸುರಿದ. ಮುದುಕ ಚಪ್ಪರಿಸಿದ.

“ಕೈ ನಡುಗ್ತಾ ಅದೆ ಚನ್ನಾ.”

“ಹಾಡಂಗಿಲ್ಲ ಅಂದ್ಬಿಡ್ರಿ ಸಾಹೇಬ್ರ.”

“ಹಾಡಲ್ಲ ಅಂದ್ರೆ ಎಲ್ಲಿಗೋಗ್ಲಿ? ಸೇತುವೆ ಕೆಳಕ್ಕಾ?” ಆಮೇಲೆ ಸಣ್ಣಗೆ ಅಂದ: “ಹಾಡೋ ಹೊತ್ತಾಗೆ ಮಾತ್ರ ಆ ಹಾಡು, ಆ ಹೆಸರು ನಂದು.”

ಮೂರು ಗಂಟೆಗೆ ಪರದೆಯ ಹಿಂದೆ ಕುರ್ಚಿ ನಿಂತಿತು. ಹೆಕ್ಟರ್ ಡ್ರಮ್ಮು ಬಾರಿಸಿದ, ಗಿಟಾರು ಎದ್ದಿತು. ಮೊದಲ ಹಾಡು, ಎರಡನೆಯ ಹಾಡು. ಜನ ಕುರ್ಚಿಯಿಂದೆದ್ದು ಚಪ್ಪಾಳೆ ತಟ್ಟುತ್ತಿದ್ದರು. ಮೂರನೆಯದು ರೈಲಿನ ಹಾಡು, ಅವನ ಹೆಸರು ಮಾಡಿದ ಹಾಡು. ಪದಗಳು ತೊಡರಿದವು. ಚನ್ನಬಸಪ್ಪ ಬಗ್ಗಿ ನೋಡಿದ. ಮುದುಕನ ಅಂಗಿ ಬೆವರಿನಿಂದ ಮೈಗೆ ಅಂಟಿತ್ತು. ಕಣ್ಣು ಎಲ್ಲೋ ನೋಡುತ್ತಿತ್ತು. ಕೈ ಹಿಡಿದರೆ ತಣ್ಣಗೆ. ಹಾಡು ಗೊಣಗಾಯಿತು, ಗೊಣಗು ಉಸಿರಾಯಿತು. ತಲೆ ಎದೆಗೆ ಬಿತ್ತು. ಇನ್ನೊಂದು ಸಕ್ಕರೆ ಪೊಟ್ಟಣ ಹರಿದು ಬಾಯಿಗೆ ಹಾಕಲು ಹೋದರೆ ಹಲ್ಲು ಕಚ್ಚಿಕೊಂಡಿತ್ತು.

ವೇದಿಕೆಯ ಪಕ್ಕದಿಂದ ರಘುನಂದನ ಓಡಿಬಂದ. ಪಿಸುದನಿಯಲ್ಲೇ ಚೀರಿದ: “ಏಳಿಸೋ ಅವನ್ನ! ನೀರು ಚಿಮುಕ್ಸು!”

“ಏಳಾಂಗಿಲ್ರಿ ಸರ. ಆಂಬ್ಯುಲೆನ್ಸ್ ಕರೀರಿ. ಕಾಲಿಗೆ ಬೀಳ್ತೀನ್ರಿ.”

“ಮುಚ್ಚು ಬಾಯಿ. ಬ್ಯಾಂಡ್‌ನೋರು ಬರೀ ಮ್ಯೂಸಿಕ್ ನುಡಿಸ್ಲಿ, ಹತ್ತು ನಿಮಿಷ ತಳ್ಳೋಣ. ಅವರು ಸೈನ್ ಮಾಡಿ ಹೋಗ್ಲಿ, ಆಮೇಲೆ ನಾನೇ ಕರ್ಕೊಂಡು ಹೋಗ್ತೀನಿ. ಕೇಳು ಇಲ್ಲಿ, ನೀನು ನೈನ್ ಒನ್ ಒನ್ ಒತ್ತಿದ್ರೆ ಮೊದಲು ಬರೋದು ಪೊಲೀಸು. ಎಂಟು ತಿಂಗಳಿಂದ ಕಾಗದ ಇಲ್ಲದೋನು ನೀನು. ಊರಲ್ಲಿ ನಿನ್ನ ಮಗಳ ನರ್ಸಿಂಗ್ ಓದು ಅಲ್ಲಿಗೇ ಮುಗೀತು ಅನ್ಕೋ.” ಹೇಳಿ ಬ್ಯಾಂಡಿನವರ ಕಡೆ ಕೈ ಬೀಸುತ್ತಾ ಓಡಿದ.

ಚನ್ನಬಸಪ್ಪ ನಿಂತ. ಕಣ್ಣ ಮುಂದೆ ಬೇಡಿ ಕಂಡಿತು. ಗದಗಿನ ಬಸ್‌ಸ್ಟ್ಯಾಂಡಿನ ಎಸ್‌ಟಿಡಿ ಬೂತಿನಲ್ಲಿ ಹೆಂಡತಿ ಕಮಲವ್ವ ರಿಸೀವರು ಹಿಡಿದು ಕಾಯುತ್ತಿರುವುದು ಕಂಡಿತು. ಮಗಳು ನಿರುಪಮಾ ಬಿಳಿ ಸೀರೆ ಮಡಚಿ ಪೆಟ್ಟಿಗೆಗಿಡುವುದು ಕಂಡಿತು. ಮುದುಕನ ಎದೆಗೆ ಕಿವಿಯಿಟ್ಟ. ಉಸಿರು ಬಂತು. ಬಹಳ ಹೊತ್ತು ಬರಲಿಲ್ಲ. ಮತ್ತೆ ಒಂದು ಬಂತು.

ಹತ್ತು ನಿಮಿಷ. ಮನುಷ್ಯನ ಪ್ರಾಣಕ್ಕೆ ಹತ್ತು ನಿಮಿಷ ಕಾಯಿ ಅಂತ ಹೇಳುವ ಇವನು ಯಾರು?

ಅವನ ಹತ್ತಿರ ಫೋನಿರಲಿಲ್ಲ. ಇಂಗ್ಲಿಷ್ ಬಾಯಿಗೆ ಬರಲಿಲ್ಲ. ಎದುರಿಗೆ ಮೈಕು ಇತ್ತು. ಅದನ್ನು ಎರಡೂ ಕೈಯಿಂದ ಹಿಡಿದುಕೊಂಡ.

“ಯಾರರ ಡಾಕ್ಟರು ಅದೀರೇನ್ರಿ? ಇಲ್ಲೊಬ್ಬ ಮನಷ್ಯಾ ಸಾಯಾಕತ್ತಾನ್ರಿ!”

ಮುಂದೆ ಕ್ಲೈಡ್ ಇನ್ನೂ ತುಟಿ ಆಡಿಸುತ್ತಿದ್ದ. ಬಣ್ಣ ಬಳಿದ ಆ ಬಾಯಿಂದ ಗದಗಿನ ಕನ್ನಡ ಹೊರಟು ಥಿಯೇಟರಿನ ಗೋಡೆಗೆಲ್ಲ ಬಡಿಯಿತು. ಜನ ತಮಾಷೆಯೆಂದು ಗೊಳ್ಳೆಂದು ನಕ್ಕರು. ಕ್ಲೈಡ್‌ನ ಬಾಯಿ ತೆರೆದದ್ದು ತೆರೆದೇ ಉಳಿಯಿತು.

“ನಗಬ್ಯಾಡ್ರಿ! ಹಾಡಾಕತ್ತಿದ್ದವ್ರು ಇವ್ರೇ ರಿ! ಹಿಂದ ಬರ್ರಿ, ಪರದೆ ಹಿಂದ! ಶುಗರ್! ಡಾಕ್ಟರ್! ಬೇಗ ಬರ್ರೀ!”

ಡ್ರಮ್ಮು ನಿಂತಿತು. ಮುಂದಿನ ಸಾಲಿನಲ್ಲಿ ರಘುನಂದನ ಕರೆತಂದು ಕೂರಿಸಿದ್ದ ಅತಿಥಿಗಳಲ್ಲಿ ರೇಷ್ಮೆ ಸೀರೆಯ ಹೆಂಗಸೊಬ್ಬಳು ಎದ್ದಳು. ಧಾರವಾಡದ ಡಾಕ್ಟರು ಅನಸೂಯ, ಆಸ್ಟಿನ್‌ನಲ್ಲೇ ಕೆಲಸ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ವೇದಿಕೆ ಹತ್ತಿ ಪರದೆಯನ್ನು ಪಕ್ಕಕ್ಕೆ ಎಳೆದಳು. ಹೆಕ್ಟರ್ ಅದನ್ನು ಪೂರ್ತಿ ಕಿತ್ತು ಕೆಳಗೆ ಹಾಕಿದ. ಇಡೀ ಥಿಯೇಟರಿಗೆ ಗಾಲಿ ಕುರ್ಚಿ ಕಂಡಿತು.

“ಸೂಜಿ ಎಷ್ಟೊತ್ತಿಗೆ ಹಾಕೀರಿ? ಊಟ?”

“ಹನ್ನೆರಡೂವರಿಗಿ ರಿ ಅಕ್ಕಾರ. ಊಟ ಕೊಡಾಕ ಬಿಡಲಿಲ್ರಿ.”

ಅವಳು ರಘುನಂದನನನ್ನು ಒಮ್ಮೆ ನೋಡಿದಳು. ಆಮೇಲೆ ಯಾರಿಗೋ ಇಂಗ್ಲಿಷಿನಲ್ಲಿ ಗದರಿಸಿ ಫೋನು ಮಾಡಿಸಿದಳು. ಆಂಬ್ಯುಲೆನ್ಸಿನವರು ಬಂದರು. ನರಕ್ಕೆ ಸಕ್ಕರೆ ನೀರು ಹತ್ತಿಸಿದರು. ಸ್ವಲ್ಪ ಹೊತ್ತಿಗೆ ಮುದುಕನ ರೆಪ್ಪೆ ಅಲುಗಿತು. “ಬದುಕ್ತಾರ,” ಎಂದಳು ಅನಸೂಯ. “ಇನ್ನೊಂದೀಟು ತಡ ಆಗಿದ್ರ ಹೇಳಾಕ ಬರ್ತಿರಲಿಲ್ಲ.”

ಅಷ್ಟು ಹೊತ್ತಿಗೆ ಬಾಗಿಲ ಹತ್ತಿರ ಜನ ಸಾಲುಗಟ್ಟಿ ನಿಂತಿದ್ದರು. ಮೋಸ ಆಯಿತು, ಟಿಕೆಟ್ಟಿನ ಹಣ ವಾಪಸ್ಸು ಕೊಡಿ ಎಂದು. ಕಸೀನೋದವರ ಕುರ್ಚಿ ಖಾಲಿಯಾಗಿತ್ತು.

ಪೊಲೀಸನೊಬ್ಬ ಪುಸ್ತಕ ಹಿಡಿದು ವೇದಿಕೆಗೆ ಬಂದ. ಸೊಂಟದಲ್ಲಿ ಪಿಸ್ತೂಲು, ಬೇಡಿ. ಚನ್ನಬಸಪ್ಪ ಖಾಲಿ ಗಾಲಿ ಕುರ್ಚಿಯ ಹಿಂದಕ್ಕೆ ಸರಿದ. ರಘುನಂದನ ನಗುಮುಖ ಹಾಕಿಕೊಂಡು ಇಂಗ್ಲಿಷಿನಲ್ಲಿ ಶುರು ಮಾಡಿದ. ಅನಸೂಯಳ ಮುಖ ಕೆಂಪಾಯಿತು.

“ಏನಂತಾರ್ರಿ ಅಕ್ಕಾರ?”

“ಈ ಮುದುಕ ತಮ್ಮವನಲ್ಲಂತ. ಯಾರೋ ಅಭಿಮಾನಿ ಇರಬೇಕಂತ, ಹಿಂದಿನ ಬಾಗಿಲಿಂದ ಒಳಗ ಬಂದು ಕೂತಾನಂತ.”

ರಘುನಂದನ ತಿರುಗಿ, ನಗು ಕೆಡಿಸದೆ, ಕನ್ನಡದಲ್ಲಿ ಅಂದ: “ಚನ್ನಬಸಪ್ಪ, ಹೂಂ ಅನ್ನು ಸಾಕು. ನಾಳೇನೇ ನಿನ್ನ ವೀಸಾ ಕೆಲಸ ಮಾಡಿಸ್ತೀನಿ.”

ಪೊಲೀಸನು ಚನ್ನಬಸಪ್ಪನನ್ನೇ ನೋಡುತ್ತಿದ್ದ. ಅನಸೂಯ ದನಿ ತಗ್ಗಿಸಿದಳು. “ವಿಚಾರ ಮಾಡ್ರಿ ಅಣ್ಣಾರ. ನೀವು ಹೇಳಿದ್ರ ನಿಮ್ಮ ಕಾಗದಾನೂ ಕೇಳಬಹುದು. ನಾ ವಕೀಲ್ರಿಗೆ ಹೇಳ್ತೀನಿ, ಆದ್ರ ಮಾತು ಕೊಡಾಕ ಬರಂಗಿಲ್ಲ.”

ಚನ್ನಬಸಪ್ಪ ತಿರುಗಿ ನೋಡಿದ. ಸ್ಟ್ರೆಚರಿನ ಮೇಲೆ ಮಲಗಿದ್ದ ಮುದುಕನ ಕಣ್ಣು ತೆರೆದಿತ್ತು. ಆ ಕಣ್ಣಲ್ಲೂ ಹೆದರಿಕೆಯೇ ಇತ್ತು.

“ನಾ ಹೇಳ್ತೀನಿ, ಅವ್ರಿಗೆ ತಿಳಿಸ್ರಿ,” ಎಂದ ಚನ್ನಬಸಪ್ಪ. “ಮೂರು ದಿನ, ಮೂರು ಊರಾಗ ಹಾಡಿದವ್ರು ಇವ್ರು. ಹೆಸರು ಡೆನ್ಜಿಲ್ ರೋಚ್. ಹುಟ್ಟಿದ್ದು ಕೋಲಾರದಾಗ. ರೆಕ್ಸ್ ಗ್ಯಾಲಂಟ್ ಅನ್ನಾವ ಇವ್ರು ಬಿಟ್ರ ಬ್ಯಾರೆ ಯಾರೂ ಇಲ್ಲ. ಊಟದ ಡಬ್ಬಿ ಕಸಕೊಂಡವ್ರು ಇವ್ರು,” ಎಂದು ರಘುನಂದನನ ಕಡೆ ಕೈ ತೋರಿಸಿದ.

ಅನಸೂಯ ಒಂದೊಂದೇ ಮಾತನ್ನು ಇಂಗ್ಲಿಷಿಗೆ ತಿರುಗಿಸಿದಳು, ಜೋರಾಗಿ. ಬಾಗಿಲ ಹತ್ತಿರದ ಸಾಲಿನಲ್ಲಿ ಕೆಲವರು ತಿರುಗಿ ನಿಂತರು.

“ಸುಳ್ಳು!” ಎಂದ ರಘುನಂದನ.

ಹೆಕ್ಟರ್ ಡ್ರಮ್ಮಿನ ಹಿಂದಿನಿಂದ ಎದ್ದು ಬಂದು ಚನ್ನಬಸಪ್ಪನ ಪಕ್ಕ ನಿಂತ. ಅವನ ಹತ್ತಿರವೂ ಸರಿಯಾದ ಕಾಗದವಿದೆಯೋ ಇಲ್ಲವೋ, ಯಾರೂ ಎಂದೂ ಕೇಳಿರಲಿಲ್ಲ. ಚನ್ನಬಸಪ್ಪ ಹೇಳಿದ್ದು ನಿಜ ಎಂದು ಎರಡೇ ಮಾತು ಹೇಳಿದ. ಆಮೇಲೆ ಗಿಟಾರಿನವನು ಬಂದ. ಕೊನೆಗೆ, ಹೊಳೆಯುವ ಕೋಟು ಬಿಚ್ಚಿ ಕೈಗೆ ಹಾಕಿಕೊಂಡು, ತಲೆ ತಗ್ಗಿಸಿ ಕ್ಲೈಡ್ ಬಂದ.

ಪೊಲೀಸನು ಡೆನ್ಜಿಲ್ ರೋಚ್ ಎಂದು ಬರೆದುಕೊಂಡ. ಆಮೇಲೆ ಪೆನ್ನು ಹಾಗೇ ಹಿಡಿದು ಚನ್ನಬಸಪ್ಪನನ್ನು ಏನೋ ಕೇಳಿದ.

“ನಿಮ್ಮ ಹೆಸರು ಕೇಳ್ತಾರ,” ಎಂದಳು ಅನಸೂಯ.

ಪಕ್ಕದಲ್ಲಿ ಯಾರೋ ಕುರ್ಚಿ ಸರಿಸಿದರು, ಕೂತುಕೋ ಎಂದು. ಅವನು ಕೂರಲಿಲ್ಲ.

“ಚನ್ನಬಸಪ್ಪ,” ಎಂದ. “ಬರಕೊಳ್ಳಾಕ ಹೇಳ್ರಿ.”